ಹಳೇ ರೈಫಲ್ ಕೊಳ್ಳುವ ಮುಂಚೆ ನಾವು ನೋಡಿದ್ದು

ನಮ್ಮ ಕಾಕಾ ಮಿಲಿಟರಿಯಿಂದ ನಿವೃತ್ತರಾಗಿ ಸಂತೆಕಲ್ಲೂರಿಗೆ ಬಂದವರು. ಪಿಂಚಣಿ ಬರುತ್ತದೆ, ಶೇಂಗಾ, ತೊಗರಿ ಹಾಕ್ತಾರೆ. ಅವರಿಗೆ ಒಂದೇ ಆಸೆ ಉಳಿದಿತ್ತು: ಒಂದು ಲಿವರ್ ರೈಫಲ್. ಕೌಬಾಯ್ ಸಿನಿಮಾ ನೋಡಿದವರಿಗೆ ಗೊತ್ತು. ಟ್ರಿಗರ್ ಸುತ್ತ ಕಬ್ಬಿಣದ ಬಳೆಯಂಥ ಹಿಡಿ ಇರುತ್ತದೆ. ಅದನ್ನು ಕೆಳಗೆ ತಳ್ಳಿ ಮೇಲೆಳೆದರೆ ಖಾಲಿ ತೋಟಾ ಹೊರಗೆ ಹಾರಿ, ಹೊಸದು ನಳಿಕೆಗೆ ಹೋಗಿ ಕೂಡುತ್ತದೆ.

ದೊಡ್ಡ ಊರಿನ ಲೈಸೆನ್ಸ್ ಇದ್ದ ಬಂದೂಕಿನ ಅಂಗಡಿಯೊಂದರಲ್ಲಿ ಅಂಥ ಹಳೇ ವಿಂಚೆಸ್ಟರ್ ಮಾರಾಟಕ್ಕಿದೆ ಅಂತ ಗೆಳೆಯರೊಬ್ಬರು ಹೇಳಿದ್ದರು. "ತಮ್ಮಾ, ನೀ ಪೇಪರಿನ ಓದು ಓದಿದಾಂವ. ಕಾಯ್ದೆ ನೋಡಿ ಹೇಳು. ಗುರಿ ಹೊಡಿಯಾಕೂ ಆಗ್ಬೇಕು, ಮೊಲ ಹೊಡಿಯಾಕೂ ಆಗ್ಬೇಕು" ಅಂದರು ಕಾಕಾ. ಇನ್ನೂ ಲೈಸೆನ್ಸ್ ಅರ್ಜಿ ಹಾಕಿರಲಿಲ್ಲ, ಅದು ಒಳ್ಳೇದೇ ಆಯಿತು. ಯಾವ ನಮೂನೆ ಬಂದೂಕು, ಯಾತಕ್ಕೆ ಬೇಕು ಅನ್ನುವುದನ್ನು ಅರ್ಜಿಯಲ್ಲೇ ಬರೆಯಬೇಕು.

ಮೊದಲು ಮೊಲದ ಮಾತು ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನೋದು ಹವ್ಯಾಸ ಅಲ್ಲ, ಅಪರಾಧ. ಮೊಲ, ಕೌಜುಗ, ಚಿಗರಿ, ನವಿಲು ಎಲ್ಲಾ ಕಾಯ್ದೆಯ ರಕ್ಷಣೆಯಲ್ಲಿವೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಪ್ರಕರಣದಲ್ಲೇ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಚಿಗರಿ, ನವಿಲು ಮೊದಲನೇ ಪಟ್ಟಿಯ ಪ್ರಾಣಿಗಳು. ಅವಕ್ಕೆ ಕೈ ಹಚ್ಚಿದರೆ 3ರಿಂದ 7 ವರ್ಷ. ಹೊಲ ನಮ್ಮದು, ಬಂದೂಕಿಗೆ ಲೈಸೆನ್ಸ್ ಇದೆ ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ.

"ಹಂಗಾರ ಹಂದಿ? ಶೇಂಗಾ ಉಳಿಯಂಗಿಲ್ಲಲ್ಲ!" ಅಂದರು ಕಾಕಾ. ಅವರ ಸಿಟ್ಟು ಸುಳ್ಳಲ್ಲ. ಕಾಡುಹಂದಿ ಹಿಂಡು ಒಂದು ರಾತ್ರಿ ಹೊಲಕ್ಕೆ ಬಿದ್ದರೆ ಬೆಳಗ್ಗೆ ನೋಡೋಕಾಗುವುದಿಲ್ಲ. ಆದರೆ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಬೇಕಾದರೂ ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಸ್ಥರು ಬರೆದು ಅನುಮತಿ ಕೊಟ್ಟಿರಬೇಕು. ಹಾಗೆ ಕೊಂದ ಹಂದಿಯೂ ಸರ್ಕಾರದ ಆಸ್ತಿ, ಮನೆಗೆ ತರೋ ಹಾಗಿಲ್ಲ. ಅಷ್ಟೆಲ್ಲಾ ಓಡಾಡೋದಕ್ಕಿಂತ ಹಾಳಾದ ಬೆಳೆಯ ಫೋಟೋ ತೆಗೆದು, ಪಹಣಿ ಹಿಡಿದು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕೋದು ಹತ್ತಿರದ ದಾರಿ.

ಇಲ್ಲಿಗೆ ಅರ್ಧ ಆಸೆ ಹೋಯಿತು, ಗುರಿ ಹೊಡೆಯೋದು ಉಳಿಯಿತು. ಇದಕ್ಕೆ ಕಾಯ್ದೆಯೇ ದಾರಿ ತೋರಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಯಾವ ಕೆಲಸಕ್ಕೆ ಯಾವ ಬಂದೂಕು ಅಂತ ಬರೆದೇ ಇದೆ. ರಕ್ಷಣೆಗೆ, ಕ್ರೀಡೆಗೆ ನುಣುಪು ನಳಿಕೆಯ ಬಂದೂಕು. ಬೆಳೆ ಕಾಯಲು ಮುಂದಿನಿಂದ ಮದ್ದು ತುಂಬುವ ಬಂದೂಕು. ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ ಪಾಯಿಂಟ್ 22 ರೈಫಲ್ ಇಲ್ಲವೇ ಏರ್ ರೈಫಲ್. ಬೇರೆ ರೈಫಲ್ ಬೇಕೆಂದರೆ ಯಾಕೆ ಬೇಕು ಅಂತ ಅಧಿಕಾರಿಗೆ ಒಪ್ಪಿಗೆಯಾಗುವ ಕಾರಣ ಹೇಳಬೇಕು. "ಸಿನಿಮಾದಾಗ ನೋಡೀನಿ" ಅಂದರೆ ಯಾರೂ ಒಪ್ಪುವುದಿಲ್ಲ.

ಆದರೂ ಅಂಗಡಿಗೆ ಹೋಗಿ ನೋಡಿ ಬಂದೆವು. ನೋಡಿದ್ದಕ್ಕೆ ದುಡ್ಡಿಲ್ಲ.

ಲಿವರ್ ರೈಫಲ್ ಚಂದ ಇತ್ತು, ಸುಳ್ಳು ಹೇಳಬಾರದು. 1892ರ ಮಾದರಿ. ಅಮೆರಿಕದ ಜಾನ್ ಬ್ರೌನಿಂಗ್ ಅನ್ನುವವರು ರೂಪಿಸಿದ್ದು. ಇಂಥವು ನಮ್ಮ ದೇಶದಲ್ಲಿ ಸಿಗೋದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ. 1980ರ ದಶಕದ ನಂತರ ಸಾಮಾನ್ಯರು ಹೊರದೇಶದ ಬಂದೂಕು ತರಿಸಿಕೊಳ್ಳೋದು ಹೆಚ್ಚುಕಡಿಮೆ ನಿಂತಿದೆ. ಅದಕ್ಕೇ ಹಳೇದಕ್ಕೂ ಬಂಗಾರದ ಬೆಲೆ.

ಕಾಕಾ ಮುಟ್ಟಿದ ಕೂಡಲೇ ಲಿವರ್ ಇಳಿಸಿ, ಒಳಗೆ ತೋಟಾ ಇಲ್ಲ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿ ಖಾತ್ರಿ ಮಾಡಿಕೊಂಡರು. ಅಂಗಡಿಯವರು "ಖಾಲಿ ಐತ್ರಿ" ಅಂದರೂ ಬಿಡಲಿಲ್ಲ. ಆಮೇಲೆ ನಳಿಕೆಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು, ತುಕ್ಕಿನ ಕುಳಿ ಇರಬಾರದು. ನಳಿಕೆಯ ತುದಿಯಲ್ಲಿ ಪೆಟ್ಟು ಬಿದ್ದಿದ್ದರೆ ಗುಂಡು ಗುರಿ ತಪ್ಪುತ್ತದೆ. ಕಟ್ಟಿಗೆ ಹಿಡಿ ತೆಳ್ಳಗಾಗುವ ಜಾಗದಲ್ಲಿ ಸೀಳು ಇದೆಯಾ ನೋಡಬೇಕು, ಮೇಲೆ ಪಾಲಿಶ್ ಹೊಡೆದು ಮುಚ್ಚಿರುತ್ತಾರೆ. ಲಿವರ್ ಮುಚ್ಚಿದ ಮೇಲೆ ಅದು ಅಲುಗಾಡಬಾರದು. ಹ್ಯಾಮರನ್ನು ಅರ್ಧ ಎಳೆದರೆ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಈ ಹಳೇ ಮಾದರಿಗೆ ಬೇರೆ ಸೇಫ್ಟಿ ಇಲ್ಲ. ಆ ಅರ್ಧ ಹಲ್ಲು ಸವೆದಿದ್ದರೆ ಜೀವಕ್ಕೇ ಅಪಾಯ.

ಎಲ್ಲಾ ಸರಿ ಇತ್ತು. ಕಡೆಗೆ ಕಾಕಾ ಒಂದೇ ಪ್ರಶ್ನೆ ಕೇಳಿದರು: "ಇದಕ್ಕ ತೋಟಾ ಎಲ್ಲಿ ಸಿಗ್ತಾವ್ರಿ?"

ಅಂಗಡಿಯವರು ಸುಮ್ಮನಾದರು. ಅದು 32-20 ಅನ್ನುವ ಹಳೇ ಅಮೆರಿಕನ್ ತೋಟಾದ ರೈಫಲ್. ನಮ್ಮ ಸರ್ಕಾರಿ ಕಾರ್ಖಾನೆಗಳು ಮಾಡೋದು 12 ಬೋರ್, ಪಾಯಿಂಟ್ 315, ಪಾಯಿಂಟ್ 22 ಇಂಥವನ್ನು. ತೋಟಾ ಇಲ್ಲದ ಬಂದೂಕು ಎತ್ತಿಲ್ಲದ ಬಂಡಿ. ಗೋಡೆಗೆ ತೂಗುಹಾಕಬಹುದು, ಆದರೆ ಅದಕ್ಕೂ ಲೈಸೆನ್ಸ್ ಬೇಕು, ಚುನಾವಣೆ ಬಂದಾಗ ಅದನ್ನೂ ಠಾಣೆಗೆ ಒಯ್ದು ಇಡಬೇಕು. ಮೇಲಾಗಿ 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು. ಒಂದನ್ನು ಅಲಂಕಾರಕ್ಕೆ ಕಳೆದರೆ ಉಳಿಯೋದು ಒಂದೇ.

ಇನ್ನೊಂದು ಮಾತು ದಾರಿಯಲ್ಲಿ ಬಸ್ಸಿನಲ್ಲಿ ಬಂತು. ಪಾಯಿಂಟ್ 22 ಚಿಕ್ಕದು ಅಂತ ಹಗುರ ತಿಳಿಯಬಾರದು, ಅದರ ಗುಂಡು ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ನಮ್ಮ ಹೊಲಗಳು ಸಪಾಟು. ಆಚೆ ಹೊಲದಲ್ಲಿ ಹೆಣ್ಮಕ್ಕಳು ಕಳೆ ತೆಗೀತಿರ್ತಾರೆ, ಕುರಿಯವರು ಇರ್ತಾರೆ. ಬಂಡೆಗೆ ಬಿದ್ದರೆ ಗುಂಡು ಸಿಡಿದು ಎತ್ತ ಹೋಗುತ್ತದೋ ಗೊತ್ತಾಗುವುದಿಲ್ಲ. "ಫೌಜಿನಾಗ ಹಿಂದ ಮಣ್ಣಿನ ದಿಬ್ಬ ಇಲ್ದ ಒಂದು ಗುಂಡೂ ಹೊಡಸ್ತಿದ್ದಿಲ್ಲ" ಅಂದರು ಕಾಕಾ. ರೈಫಲ್ ಹೊಡೆಯೋ ಜಾಗ ಶೂಟಿಂಗ್ ರೇಂಜ್, ಹೊಲ ಅಲ್ಲ.

ಕೊಳ್ಳುವವರಿಗೆ ಕಾಗದದ ವಿಷಯ ಇಷ್ಟು. ಬಂದೂಕಿನ ಮೈಮೇಲಿನ ನಂಬರೂ ಮಾರುವವರ ಲೈಸೆನ್ಸಿನಲ್ಲಿರುವ ನಂಬರೂ ಅಕ್ಷರ ಅಕ್ಷರ ಕೂಡಬೇಕು. ಒಬ್ಬ ಲೈಸೆನ್ಸುದಾರ ಇನ್ನೊಬ್ಬರಿಗೆ ನೇರ ಮಾರಬೇಕಾದರೆ ಮೊದಲು ಅಧಿಕಾರಿಗೆ ಇಲ್ಲವೇ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಅಜ್ಜ ತೀರಿಕೊಂಡ ಮನೆಯಲ್ಲಿ ಅವರ ಬಂದೂಕು ಉಳಿದಿದ್ದರೆ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ಪಡೆಯಬೇಕು. ವಾರಸುದಾರರು ಆಮೇಲೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. "ಅಜ್ಜನ ನೆನಪು" ಅಂತ ಅಟ್ಟದ ಮೇಲೆ ಇಟ್ಟರೆ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡ ಕೇಸು, 2ರಿಂದ 5 ವರ್ಷ ಜೈಲು.

1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪದೆ ಪ್ರಾಣ ಕೊಟ್ಟರು. ಅವರಿಗೆ ಆಯುಧ ಅಂದರೆ ಬದುಕು, ಮಾನ. ನಮ್ಮ ಕಾಲಕ್ಕೆ ಅದು ಬದುಕಲ್ಲ, ಒಂದು ಶೋಕಿ ಇಲ್ಲವೇ ಒಂದು ಆಟ. ಶೋಕಿಗೆ ಮನೆಯ ಒಂದು ವರ್ಷದ ಬೆಳೆ ದುಡ್ಡು ಹಾಕಬೇಕಾ ಅನ್ನೋದನ್ನು ಮನೆಯವರೆಲ್ಲಾ ಕೂಡಿ ಯೋಚಿಸಬೇಕು.

ಕಾಕಾ ಕಡೆಗೆ ಪಾಯಿಂಟ್ 177ರ ಏರ್ ರೈಫಲ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದರು. 20 ಜೌಲ್ ಶಕ್ತಿಯೊಳಗಿನ, 4.5 ಮಿಲಿಮೀಟರ್ ನಳಿಕೆಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅದಕ್ಕೂ ನಳಿಕೆಯ ಕೆಳಗೆ ಒಂದು ಲಿವರ್ ಇದೆ, ಅದನ್ನು ಎಳೆದು ಗಾಳಿ ಕಟ್ಟಬೇಕು. ಕೊಟ್ಟಿಗೆ ಹಿಂದೆ ಮಣ್ಣು ತುಂಬಿದ ಗೊಬ್ಬರದ ಚೀಲ ಒಟ್ಟಿ, ಅದಕ್ಕೆ ಕಾಗದ ಅಂಟಿಸಿ, ಸಂಜೆ ಹತ್ತು ಹತ್ತು ಹೆಜ್ಜೆ ಎಣಿಸಿ ಹೊಡೀತಾರೆ. ಗುಬ್ಬಿ, ಪಾರಿವಾಳದ ಕಡೆ ತಿರುಗಿಸಿದವರಿಗೆ ಮತ್ತೆ ಕೈಗೆ ಕೊಡೋದಿಲ್ಲ. ಈಗ ಅಣ್ಣನ ಮಗಳು ಹತ್ತಕ್ಕೆ ಏಳು ಗುರಿ ಹೊಡೀತಾಳೆ, ಕಾಕಾಗೆ ಆರು.