ಮದ್ದೂರಿನ ಮಣ್ಣುದಾರಿಗೆ ಎಂಥ ಶೂ?

ಮದ್ದೂರು ಅಂದ ತಕ್ಷಣ ನಿಮಗೆ ವಡೆ ನೆನಪಾಗಿರಬೇಕು ಅಲ್ವಾ? ಅದು ಮಂಡ್ಯ ಜಿಲ್ಲೆಯ ಮದ್ದೂರು. ನಾನು ಹೇಳಹೊರಟಿರುವುದು ಇನ್ನೊಂದು ಮದ್ದೂರಿನ ಕಥೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರದ ಕಾಡು ಶುರುವಾಗುವ ಅಂಚಿನಲ್ಲಿದೆ ಈ ಊರು. ಈ ದಾರಿಯಲ್ಲಿ ವಯನಾಡಿಗೆ ಟ್ರಿಪ್ ಹೋದವರು ಇದನ್ನು ದಾಟಿಯೇ ಹೋಗಿರುತ್ತೀರಿ. ಆದರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಬಿಟ್ಟರೆ ಬೇರೇನೂ ನೆನಪಿರಲಿಕ್ಕಿಲ್ಲ. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ. ಅಷ್ಟು ಹೊತ್ತು ರಸ್ತೆ ಪ್ರಾಣಿಗಳದ್ದು.

ನನಗೆ ಈ ಕಡೆ ನಂಟಿದೆ. ಅಮ್ಮನ ತಮ್ಮ, ಅಂದರೆ ನನ್ನ ಮಾವ, ಮದ್ದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ವ್ಯವಸಾಯ ಮಾಡ್ತಾರೆ. ಚಿಕ್ಕವನಿದ್ದಾಗ ಬೇಸಿಗೆ ರಜೆಯೆಲ್ಲ ಅಲ್ಲೇ. ಆಮೇಲೆ ಇಂಜಿನಿಯರಿಂಗ್, ಬೆಂಗಳೂರು, ಕೆಲಸ ಅಂತ ಹೋಗುವುದೇ ನಿಂತಿತ್ತು. ಮತ್ತೆ ನನ್ನನ್ನು ಆ ಊರಿಗೆ ಎಳೆದು ತಂದದ್ದು ಸೈಕಲ್.

ಮೂರು ವರ್ಷದ ಹಿಂದೆ ಒಂದು ಗ್ರಾವೆಲ್ ಸೈಕಲ್ ತೆಗೆದುಕೊಂಡೆ. ನೋಡೋಕೆ ರೇಸ್ ಸೈಕಲ್ ಥರ, ಬಾಗಿದ ಹ್ಯಾಂಡಲ್. ಆದರೆ ಟೈರು ದಪ್ಪ. ಜಲ್ಲಿ, ಮಣ್ಣು, ಕಾಲುವೆ ಏರಿ ಎಲ್ಲದಕ್ಕೂ ಆಗುತ್ತೆ. ಟಾರು ರಸ್ತೆ ಬಿಟ್ಟು ಇಳಿಯುವ ಈ ಚಟ ಈಗ ಜಗತ್ತಿನಲ್ಲೆಲ್ಲ ಇದೆ. ಗುಡ್ಡಗಾಡಿನ ಕ್ರಾಸ್‌ಕಂಟ್ರಿ ಸೈಕ್ಲಿಂಗ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲೇ ಸೇರಿತ್ತು. ಗ್ರಾವೆಲ್‌ಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 2022ರಲ್ಲಿ, ಇಟಲಿಯಲ್ಲಿ. ನನ್ನ ಚಾಂಪಿಯನ್‌ಶಿಪ್ ಮಾತ್ರ ಬೇರಂಬಾಡಿ, ಭೀಮನಬೀಡು, ಕನ್ನೇಗಾಲದ ಹೊಲಗಳ ನಡುವೆ.

ಬಗ್ಗದ ಮೆಟ್ಟು

ಸೈಕಲ್ ಬಂತು, ಆಮೇಲೆ ಶೂ ಬೇಕಾಯ್ತು. ಗೊತ್ತಿಲ್ಲದವರಿಗೆ ಒಂದು ಮಾತು. ಈ ಶೂಗಳ ತಳಕ್ಕೆ ಎರಡು ಬೋಲ್ಟ್‌ನಿಂದ ಕ್ಲೀಟ್ ಅನ್ನೋ ಸಣ್ಣ ಲೋಹದ ತುಂಡನ್ನು ಬಿಗಿದಿರುತ್ತಾರೆ. ಅದು ಪೆಡಲಿನ ಸ್ಪ್ರಿಂಗಿಗೆ ಕಚ್ಚಿಕೊಳ್ಳುತ್ತೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತೆ. ಶಿಮಾನೋ ಕಂಪನಿ 1990ರಲ್ಲಿ ತಂದ ಎಸ್‌ಪಿಡಿ ಅನ್ನೋ ವ್ಯವಸ್ಥೆ ಇದು. ರೋಡ್ ಸೈಕಲ್ಲಿನವರು ಹಾಕುವ ಮೂರು ಬೋಲ್ಟಿನ ಕ್ಲೀಟ್ ದೊಡ್ಡದು, ತಳದಿಂದ ಹೊರಗೆ ಚಾಚಿರುತ್ತೆ. ಹಾಕಿಕೊಂಡು ನಡೆದರೆ ಬಾತುಕೋಳಿ ನಡಿಗೆ. ಎರಡು ಬೋಲ್ಟಿನದು ರಬ್ಬರ್ ಹಲ್ಲುಗಳ ನಡುವಿನ ತಗ್ಗಿನಲ್ಲಿ ಕೂರುವುದರಿಂದ ಇಳಿದು ನಡೆಯಬಹುದು.

ಕ್ಲೀಟ್ ತೀರಾ ಚಿಕ್ಕದು. ತುಳಿಯುವ ಬಲವೆಲ್ಲ ಅಷ್ಟು ಜಾಗದ ಮೇಲೆ ಬೀಳುತ್ತೆ. ತಳ ಮೆತ್ತಗಿದ್ದರೆ ಶೂ ಅಲ್ಲೇ ಬಾಗುತ್ತೆ, ಪಾದದ ನಡುಭಾಗ ಸೋಲುತ್ತೆ, ಎರಡು ಗಂಟೆ ಆದಮೇಲೆ ಅಂಗಾಲು ಉರಿಯೋಕೆ ಶುರು. ಅದಕ್ಕೇ ಗಟ್ಟಿ ತಳ ಬೇಕು ಅನ್ನೋದು. ಕಡಿಮೆ ಬೆಲೆಯದಕ್ಕೆ ನೈಲಾನ್ ತಳ, ನಡುವಿನದಕ್ಕೆ ಗಾಜಿನ ನಾರು ಅಥವಾ ಸ್ವಲ್ಪ ಕಾರ್ಬನ್ ಸೇರಿಸಿದ ನೈಲಾನ್, ದುಬಾರಿಯದಕ್ಕೆ ಪೂರ್ತಿ ಕಾರ್ಬನ್. ಕಾರ್ಬನ್ ಹಗುರ ಕೂಡ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಏನು ಕೊಳ್ಳಬೇಕಾದರೂ ಮೊದಲು ಎಕ್ಸೆಲ್ ಶೀಟ್. ತೂಕ ಒಂದು ಕಾಲಂ, ಗಟ್ಟಿತನದ ಅಂಕ ಒಂದು ಕಾಲಂ, ಬೆಲೆ ಒಂದು ಕಾಲಂ. ಗಟ್ಟಿತನವನ್ನು ತೂಕದಿಂದ ಭಾಗಿಸಿದೆ, ಮೇಲೆ ಬಂದದ್ದನ್ನು ಕೊಂಡೆ. ಕ್ರಾಸ್‌ಕಂಟ್ರಿ ರೇಸಿಗೆ ಮಾಡಿದ ಕಾರ್ಬನ್ ಶೂ. ಒಂದು ಶೂ ಮುನ್ನೂರು ಗ್ರಾಮಿಗಿಂತ ಕಡಿಮೆ. ನಂದಿ ಬೆಟ್ಟ ಹತ್ತಿದಾಗ ಭಾರೀ ಖುಷಿಯಾಯ್ತು. ಒಂದಿಷ್ಟೂ ಬಲ ಪೋಲಾಗುತ್ತಿಲ್ಲ ಅನ್ನಿಸೋದು.

ಕಳೆದ ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಸೈಕಲ್ಲನ್ನು ಕಾರಿಗೆ ಹಾಕಿಕೊಂಡು ಮಾವನ ಮನೆಗೆ ಹೋದೆ. ಮಾವ ಜಗಲಿ ಮೇಲಿದ್ದ ಶೂ ಎತ್ತಿಕೊಂಡು ಬಗ್ಗಿಸೋಕೆ ನೋಡಿದರು.

"ಏನ್ ಅಳಿಮಯ್ಯ ಇದು, ಮೆಟ್ಟಾ ಹಲಗೆಯಾ? ಬಗ್ಗದೇ ಇಲ್ವಲ್ಲ."

"ಬಗ್ಗಬಾರದು ಮಾವ. ಅದಕ್ಕೇ ಅಷ್ಟು ದುಡ್ಡು ಕೊಟ್ಟಿರೋದು."

"ಬಗ್ದೇ ಇರಕೆ ದುಡ್ಡಾ?" ಅಂತ ನಕ್ಕು ಕೆಳಗಿಟ್ಟರು.

ಆ ಸಂಜೆ

ಮಧ್ಯಾಹ್ನ ಮೂರಕ್ಕೆ ಹೊರಟೆ. ಸುಮಾರು ಮೂವತ್ತೈದು ಕಿಲೋಮೀಟರ್ ಸುತ್ತು, ಎಲ್ಲ ಊರ ದಾರಿಗಳೇ. ಕಾಡಿನೊಳಗೆ ಹೋಗುವ ಮಾತೇ ಇಲ್ಲ. ಅದು ಹುಲಿ ಸಂರಕ್ಷಿತ ಪ್ರದೇಶ. ಸೈಕಲ್ಲಿನವನಿಗೆ ಅಲ್ಲಿ ಏನೂ ಕೆಲಸವಿಲ್ಲ. ಮೊದಲ ಇಪ್ಪತ್ತು ಕಿಲೋಮೀಟರ್ ಹಾರಿಕೊಂಡು ಹೋದೆ. ಕೆಮ್ಮಣ್ಣಿನ ಬಂಡಿದಾರಿ, ಎರಡೂ ಕಡೆ ಅರಿಶಿನ, ಬಾಳೆ, ಕೊಯ್ಲಿಗೆ ಬಂದ ಜೋಳ. ದೂರದಲ್ಲಿ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ತಲೆ ಮೇಲೆ ಒಂದು ಮೋಡ.

ಈ ಸೀಮೆಯ ಮಣ್ಣಿನ ಬಗ್ಗೆ ಹೇಳಲೇಬೇಕು. ಒಂದು ಹೊಲ ಕೆಂಪು, ಪಕ್ಕದ ತಗ್ಗಿನ ಹೊಲ ಕಪ್ಪು. ಬೇರಂಬಾಡಿ ಸುತ್ತಿನ ಮಣ್ಣು, ಅಂತರ್ಜಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ವರ್ಷಗಳಿಂದ ಅಧ್ಯಯನ ಮಾಡ್ತಿದ್ದಾರೆ. ಸೈಕಲ್ಲಿನವನಿಗೆ ತಿಳಿಯಬೇಕಾದ್ದು ಇಷ್ಟೇ: ಮಳೆ ಬಿದ್ದ ಮೇಲೆ ಕೆಮ್ಮಣ್ಣು ಬೇಗ ದಾರಿ ಕೊಡುತ್ತೆ, ಕಪ್ಪು ಮಣ್ಣು ಕಾಲು ಹಿಡಿಯುತ್ತೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ಒಂದು ಸಣ್ಣ ಹಳ್ಳ ದಾಟಲು ಇಳಿದೆ. ಬಂಡೆಯ ಮೇಲೆ ಕಾಲಿಟ್ಟೆ, ಜಾರಿದೆ. ನನ್ನ ಶೂಗೆ ತೂಕ ಉಳಿಸಲು ಹಾಕಿದ್ದ ಹಲ್ಲುಗಳು ಗಟ್ಟಿ ಪ್ಲಾಸ್ಟಿಕ್ಕಿನವು. ಒದ್ದೆ ಕಲ್ಲಿನ ಮೇಲೆ ಅವಕ್ಕೆ ಹಿಡಿತವೇ ಇಲ್ಲ. ಮೊಣಕೈ ತರಚಿತು, ಅಷ್ಟೇ. ಆಚೆ ದಡ ಪೂರ್ತಿ ಕಪ್ಪು ಮಣ್ಣು. ಹತ್ತು ಹೆಜ್ಜೆಯಲ್ಲಿ ಕ್ಲೀಟಿನ ತಗ್ಗು ಜೇಡಿಯಿಂದ ಮುಚ್ಚಿಹೋಯ್ತು. ಪೆಡಲಿಗೆ ಕಚ್ಚುತ್ತಿಲ್ಲ, ಟೈರು ತಿರುಗುತ್ತಿಲ್ಲ. ಸೈಕಲ್ ತಳ್ಳಿಕೊಂಡು ನಡೆಯೋಕೆ ಶುರು ಮಾಡಿದೆ. ತಳ ಬಗ್ಗದ ಕಾರಣ ಪ್ರತಿ ಹೆಜ್ಜೆಗೂ ಹಿಮ್ಮಡಿ ಶೂ ಒಳಗೆ ಎದ್ದೆದ್ದು ಕೂರ್ತಿತ್ತು.

ಐದೂವರೆ ದಾಟಿತ್ತು. ಫೋನ್ ಬಂತು. ಮಾವ.

"ಎಲ್ಲಿದ್ದೀಯಪ್ಪ? ಆನೆ ಇಳ್ದವಂತೆ, ಜೋಳದ ಹೊಲದ ತಾವು. ಸೈಕಲ್ ಅಲ್ಲೇ ಬುಟ್ಬುಟ್ಟು ರೋಡ್ ಕಡೆ ಬಾ. ಬಿರ್‍ರನೆ ಬಾ."

ಬಿರ್‍ರನೆ ಬಾ ಅಂದರೆ ಹೇಗೆ ಬರೋದು? ಓಡೋಕೆ ನೋಡಿದೆ. ಹಲಗೆ ಕಟ್ಟಿಕೊಂಡು ಓಡಿದ ಹಾಗೆ. ಎರಡು ಸಲ ಮುಗ್ಗರಿಸಿದೆ. ಎಡ ಹಿಮ್ಮಡಿಯ ಚರ್ಮ ಕಿತ್ತು ಬಂದಿತ್ತು. ಎಲ್ಲೋ ಪಟಾಕಿ ಸದ್ದು, ಜನ ಕೂಗುವುದು ಕೇಳ್ತಿತ್ತು. ಯಾವ ದಿಕ್ಕಿನಿಂದ ಅಂತ ತಿಳೀಲಿಲ್ಲ. ಆ ಭಯವನ್ನು ಆಫೀಸಿನಲ್ಲಿ ಕೂತು ಬರೆಯೋದು ಕಷ್ಟ. ಕೊನೆಗೆ ಶೂ ಕಳಚಿ ಕೈಯಲ್ಲಿ ಹಿಡಿದು, ಬರೀ ಸಾಕ್ಸಿನಲ್ಲಿ ಓಡಿದೆ. ಮುಳ್ಳು ಚುಚ್ಚಿದ್ದು ಮನೆಗೆ ಬಂದ ಮೇಲೆ ಗೊತ್ತಾಗಿದ್ದು. ರಸ್ತೆಗೆ ಬರುವಷ್ಟರಲ್ಲಿ ಮಾವ ಮೊಪೆಡ್ ನಿಲ್ಲಿಸಿಕೊಂಡು ಟಾರ್ಚ್ ಹಿಡಿದು ಕಾಯ್ತಿದ್ದರು.

ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲ. ಅತ್ತೆ ಬಿಸಿನೀರು ಕಾಯಿಸಿ ಕೊಟ್ಟರು. ಊಟ ಆದಮೇಲೆ ಮಾವ ಹೊಲ ಕಾಯೋಕೆ ಅಟ್ಟಣೆಗೆ ಹೊರಟರು. ವರ್ಷದಲ್ಲಿ ಎಷ್ಟೋ ರಾತ್ರಿ ಅವರಿಗೆ ಅದೇ ಹಾಸಿಗೆ. ಬಾಗಿಲಲ್ಲಿ ನಿಂತು ಅಂದರು: "ನೋಡಪ್ಪ, ಕಾಡಂಚಲ್ಲಿ ಓಡಕ್ಕಾಗದ ಮೆಟ್ಟ ಮೆಟ್ಟಬ್ಯಾಡ."

ಮಾರನೇ ದಿನ ಬಿಸಿಲೇರಿದ ಮೇಲೆ ಇಬ್ಬರೂ ಹೋಗಿ ಸೈಕಲ್ ತಂದೆವು. ಬಿಟ್ಟಲ್ಲೇ ಬಿದ್ದಿತ್ತು, ಏನೂ ಆಗಿರಲಿಲ್ಲ. ಆದರೆ ನಾನು ಹಳ್ಳದ ಹತ್ತಿರ ಬಿಟ್ಟುಹೋಗಿದ್ದ ಟೈರಿನ ಗೆರೆಯ ಮೇಲೇ ಮೂರು ಹೆಜ್ಜೆ ಗುರುತು. ಒಂದೊಂದೂ ನಮ್ಮ ಊಟದ ತಟ್ಟೆಗಿಂತ ಅಗಲ.

ಮತ್ತೆ ಎಕ್ಸೆಲ್ ಶೀಟ್, ಈ ಸಲ ಬೇರೆ ಕಾಲಂ

ತಪ್ಪು ಶೂದಲ್ಲ. ನುಣುಪಾದ ದಾರಿಯಲ್ಲಿ, ಇಳಿಯದೇ ಓಡಿಸುವ ರೇಸಿನಲ್ಲಿ ಅದು ಇವತ್ತಿಗೂ ಒಳ್ಳೆಯ ಶೂ. ನಾನು ಸೈಕಲ್ ಮೇಲೆ ಕೂತಾಗ ಏನು ಬೇಕು ಅಂತಷ್ಟೇ ಲೆಕ್ಕ ಹಾಕಿದ್ದೆ, ಇಳಿದಾಗ ಏನು ಬೇಕು ಅಂತ ಕೇಳಿಕೊಂಡಿರಲಿಲ್ಲ. ನಮ್ಮ ಹಳ್ಳಿ ದಾರಿಗಳಲ್ಲಿ ಇಳಿಯುವುದು ತಪ್ಪಿದ್ದಲ್ಲ. ಹಳ್ಳ, ಕೆಸರು, ಎದುರು ಬರುವ ದನದ ಹಿಂಡು, ಕಿತ್ತುಹೋದ ಏರು, ಮತ್ತೆ ಇಂಥ ಫೋನ್ ಕರೆ.

ಬೆಂಗಳೂರಿಗೆ ಬಂದು ಎರಡನೇ ಜೊತೆ ಹುಡುಕಿದೆ. ನೀವೂ ಹುಡುಕುತ್ತಿದ್ದರೆ, ನಾನು ಕಲಿತದ್ದು ಇಷ್ಟು.

ಮೊದಲು ಗಟ್ಟಿತನ. ಒಂದು ಕಂಪನಿಯ ಅಂಕವನ್ನು ಇನ್ನೊಂದರ ಜೊತೆ ಹೋಲಿಸಬೇಡಿ, ಪ್ರತಿಯೊಬ್ಬರ ಅಳತೆಗೋಲು ಬೇರೆ. ಶೂ ಕೈಯಲ್ಲಿ ಹಿಡಿದು ಬಗ್ಗಿಸಿ. ಕ್ಲೀಟ್ ಕೂರುವ ಜಾಗ, ಅದರ ಹಿಂದಿನ ನಡುಭಾಗ ಬಗ್ಗಬಾರದು. ಬೆರಳಿನ ತುದಿ ಮಾತ್ರ ಸ್ವಲ್ಪ ಬಗ್ಗಬೇಕು. ಆ ಸ್ವಲ್ಪದಲ್ಲೇ ನಡಿಗೆ ಇರೋದು. ನನ್ನ ಆಯ್ಕೆ ಕಾರ್ಬನ್ ಬೆರೆತ ನೈಲಾನ್ ತಳ.

ಎರಡನೆಯದು ತಳದ ಹಲ್ಲು. ಉಗುರಿನಿಂದ ಒತ್ತಿ ನೋಡಿ. ಒತ್ತಿದರೆ ತಗ್ಗುವ ರಬ್ಬರ್ ಕಲ್ಲನ್ನು ಹಿಡಿಯುತ್ತೆ. ಗಟ್ಟಿ ಪ್ಲಾಸ್ಟಿಕ್ ಬೇಗ ಸವೆಯೋದಿಲ್ಲ, ಆದರೆ ಜಾರುತ್ತೆ. ಹಲ್ಲುಗಳ ನಡುವೆ ಜಾಗ ಇದ್ದಷ್ಟೂ ಕೆಸರು ಉದುರಿ ಹೋಗುತ್ತೆ. ಮುಂಗಾಲಿಗೆ ಮೊಳೆ ಹಾಕುವ ತೂತು ಇದ್ದರೆ ಕೆಸರಿನ ದಿಬ್ಬ ಹತ್ತುವ ಕ್ರಾಸ್‌ಕಂಟ್ರಿಗೆ ಒಳ್ಳೆಯದು, ಗ್ರಾವೆಲ್‌ಗೆ ಅಷ್ಟಾಗಿ ಬೇಡ.

ಮೂರನೆಯದು ಅಳತೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಸೈಕಲ್ಲಿಗೆ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿದ ನನ್ನ ಪಾದ ಅಗಲ. ಹೊರದೇಶದ ಕಂಪನಿಗಳ ಎಷ್ಟೋ ಶೂ ಮುಂದೆ ಇಕ್ಕಟ್ಟು. ಹಾಗಂತ ಒಂದು ನಂಬರ್ ದೊಡ್ಡದು ತಗೊಂಡರೆ ಹಿಮ್ಮಡಿ ಸಡಿಲ. ಅಗಲ ಪಾದಕ್ಕೆ ಅಂತಲೇ ಕೆಲವು ಕಂಪನಿಗಳು ವೈಡ್ ಮಾಡುತ್ತವೆ, ಅದನ್ನು ಕೇಳಿ.

ನಾಲ್ಕನೆಯದು ಕಟ್ಟುವ ಬಗೆ. ತಿರುಗಿಸುವ ಡಯಲ್ ಇದ್ದರೆ ಓಡಿಸುತ್ತಲೇ ಬಿಗಿ ಮಾಡಬಹುದು, ಆದರೆ ಕಲ್ಲಿಗೆ ಬಡಿದು ಒಡೆದರೆ ಹಳ್ಳಿಯಲ್ಲಿ ರಿಪೇರಿ ಇಲ್ಲ. ದಾರದ ಶೂ ಎಲ್ಲಿ ಬೇಕಾದರೂ ಸರಿ ಮಾಡಬಹುದು, ಆದರೆ ಕೆಸರು ಕುಡಿಯುತ್ತೆ. ನಾನು ಒಂದು ಡಯಲ್, ಒಂದು ವೆಲ್ಕ್ರೋ ಪಟ್ಟಿ ಇರುವುದನ್ನು ತಗೊಂಡೆ.

ಇನ್ನು ತೂಕ. ಹೊಸ ಶೂ ಒಂದೊಂದೂ ಸುಮಾರು 80 ಗ್ರಾಂ ಹೆಚ್ಚು. ಜೊತೆಗೆ 160 ಗ್ರಾಂ. ನಾನು, ಸೈಕಲ್, ನೀರು ಎಲ್ಲ ಸೇರಿ 85 ಕೆಜಿ. ಲೆಕ್ಕ ಹಾಕಿದರೆ ಶೇಕಡ 0.2 ಕೂಡ ಇಲ್ಲ. ಒಂದು ಲೋಟ ನೀರು ಕಡಿಮೆ ತುಂಬಿಸಿಕೊಂಡರೆ ಸರಿಹೋಯ್ತು.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂರಿ, ಮೆಟ್ಟಿಲು ಹತ್ತಿ ಇಳಿಯಿರಿ, ಹತ್ತು ಹೆಜ್ಜೆ ಓಡಿ. ನಾನು ಓಡಿದ್ದು ನೋಡಿ ಅಂಗಡಿ ಹುಡುಗ ನಕ್ಕ. ಮನೆಗೆ ಬಂದು ಕ್ಲೀಟ್ ಹಾಕುವಾಗ ಅದು ಹೆಬ್ಬೆರಳಿನ ಬುಡದ ಗೆಣ್ಣಿನ ನೇರಕ್ಕಿಂತ ಸ್ವಲ್ಪ ಹಿಂದೆ ಇರಲಿ, ಅಂಗಾಲಿಗೆ ಉರಿ ಕಡಿಮೆ. ಬೋಲ್ಟ್ 5ರಿಂದ 6 ನ್ಯೂಟನ್ ಮೀಟರ್ ಬಿಗಿ. ಪೆಡಲ್ ಸ್ಪ್ರಿಂಗ್ ಮೊದಮೊದಲು ಸಡಿಲವಾಗೇ ಇರಲಿ.

ಜುಲೈನಲ್ಲಿ ಮತ್ತೆ

ಈ ಜುಲೈನಲ್ಲಿ ಹೊಸ ಶೂ ಹಾಕಿಕೊಂಡು ಅದೇ ಸುತ್ತು ಹೋದೆ. ಈ ಸಲ ಬೆಳಗ್ಗೆ ಏಳಕ್ಕೆ, ಮಾವನನ್ನು ಕೇಳಿಕೊಂಡೇ. ಚೆಂಡುಹೂವು, ಸೂರ್ಯಕಾಂತಿ ಎರಡೂ ಬಿಟ್ಟಿದ್ದವು. ಹೊಲಗಳ ಹತ್ತಿರ ಕೇರಳದ ನಂಬರಿನ ಕಾರುಗಳು, ಫೋಟೋ ತೆಗೆಸಿಕೊಳ್ಳುವ ಜನ. ಒಂದು ಏರಿನಲ್ಲಿ ಹಳೆ ಶೂಗಿಂತ ಹನ್ನೊಂದು ಸೆಕೆಂಡ್ ತಡವಾಯ್ತು ಅಂತ ಆ್ಯಪ್ ತೋರಿಸಿತು. ಇರಲಿ. ಹಳ್ಳದಲ್ಲಿ ಅದೇ ಬಂಡೆಯ ಮೇಲೆ ಕಾಲಿಟ್ಟೆ. ರಬ್ಬರ್ ಹಿಡಿಯಿತು. ಸೈಕಲ್ ಹೆಗಲಿಗೆ ಹಾಕಿಕೊಂಡು ದಾಟಿದೆ.

ನೀವು ಈ ಕಡೆ ಸೈಕಲ್ ತರುವುದಾದರೆ ಊರ ದಾರಿಗಳಲ್ಲೇ ಇರಿ, ಚೆಕ್‌ಪೋಸ್ಟ್ ಕಂಡಲ್ಲಿ ತಿರುಗಿ, ಸಂಜೆ ನಾಲ್ಕರೊಳಗೆ ಸುತ್ತು ಮುಗಿಸಿ. ಹೊರಡುವ ಮೊದಲು ಊರಿನವರನ್ನು ಒಂದು ಮಾತು ಕೇಳಿ, ರಾತ್ರಿ ಆನೆ ಎಲ್ಲಿತ್ತು ಅಂತ ಅವರಿಗೆ ಗೊತ್ತಿರುತ್ತೆ.

ಮನೆಗೆ ಬಂದಾಗ ಮಾವ ರಾತ್ರಿಯ ಕಾವಲು ಮುಗಿಸಿ ಕಾಫಿ ಕುಡೀತಿದ್ದರು. ಹೊಸ ಶೂ ಎತ್ತಿಕೊಂಡು ತುದಿ ಬಗ್ಗಿಸಿ ನೋಡಿದರು.

"ಇದು ವಸಿ ಪರವಾಗಿಲ್ಲ ಕನಪ್ಪ," ಅಂದರು. "ನನ್ ಕಾಲಿನ ಅಳತೇದು ಸಿಕ್ಕದಾ?"

ಎಂಟು ನಂಬರ್, ಅಗಲ ಪಾದ. ಅವರಿಗೆ ಕ್ಲೀಟ್ ಬೇಡ, ರಾತ್ರಿ ಹೊಲ ಕಾಯೋಕೆ ಒದ್ದೆಯಲ್ಲಿ ಜಾರದ ಬೂಟು ಸಾಕು. ಈಗ ಅದನ್ನೇ ಹುಡುಕುತ್ತಿದ್ದೇನೆ.