ಮೆಟ್ಟಿಲ ಕೆಳಗಿನ ಟಿಪ್ಪಣಿಗಳು

1
ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಒಂದೇ ಮನೆ, ಎರಡು ಬಾಗಿಲು. ಅಣ್ಣ ತಮ್ಮ ಭಾಗವಾದ ಮೇಲೆ ನಡುಮನೆಗೆ ಅಡ್ಡಗೋಡೆ ಬಂತು. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು. ಮಹಡಿ ಮೆಟ್ಟಿಲೂ ಮೇಲಿನ ಕೋಣೆಯೂ ಇಬ್ಬರಿಗೂ ಸೇರಿದ್ದು ಎಂದು ವಿಭಾಗಪತ್ರದಲ್ಲಿದೆ. ಮೆಟ್ಟಿಲ ಕೆಳಗಿನ ಜಾಗದ ಬಗ್ಗೆ ಏನೂ ಬರೆದಿಲ್ಲ. ಈಗ ಅಲ್ಲಿ ಗಿನಿಪಿಗ್‌ಗಳಿವೆ.

2
ಎರಡು ಹೆಣ್ಣು ದೇವನಹಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನಿಂದ ಬಂದವು. ಸಾಕಿದವರಿಗೆ ಬೇರೆ ಊರಿಗೆ ವರ್ಗವಾಯಿತು. ಅಣ್ಣನ ಮಗಳು ತಂದುಕೊಂಡಳು. ಅದನ್ನು ನೋಡಿ ತಮ್ಮನ ಮಗ ಬೆಂಗಳೂರಿನ ಅಂಗಡಿಯೊಂದರಿಂದ ಮೂರನೆಯದನ್ನು ತಂದ. ಇದೂ ಹೆಣ್ಣೇ ಎಂದು ಅಂಗಡಿಯವನು ಹೇಳಿದ್ದ. ಹುಡುಗ ಲಕ್ಷ್ಮಿ ಎಂದು ಹೆಸರಿಟ್ಟ.

3
ಮೊದಲ ಎರಡು ಬಂದ ದಿನ ಸದ್ದೇ ಇಲ್ಲ. ರಟ್ಟಿನ ಡಬ್ಬದ ಮೂಲೆಯಲ್ಲಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ಮುಖ ತೂರಿಸಿಕೊಂಡು ಕೂತವು. ಬೀದಿಯ ಮಕ್ಕಳೆಲ್ಲ ಬಂದು ನೋಡಿದರು. ಏನು ಕೊಟ್ಟರೂ ಮುಟ್ಟಲಿಲ್ಲ. ಎಲ್ಲರೂ ಹೋಗಿ, ದೀಪ ಆರಿದ ಮೇಲೆ ಹುಲ್ಲು ಕಚ್ಚುವ ಸದ್ದು ಬಂತು.

4
ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಬಾಲ ಇಲ್ಲ. ಎಣಿಸಿದ್ದು ಅಜ್ಜಿ, ಅಣ್ಣ ತಮ್ಮಂದಿರ ತಾಯಿ.

5
ಕೈ ಮೇಲಿನಿಂದ ಬಂದರೆ ಓಡುತ್ತವೆ. ಅದೇ ಕೈ ನೆಲದ ಮೇಲೆ ಸುಮ್ಮನೆ ಬಿದ್ದಿದ್ದರೆ ಹತ್ತಿರ ಬಂದು ಮೂಸುತ್ತವೆ.

ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಅಲ್ಲಿ ಸಾವಿರಾರು ವರ್ಷಗಳಿಂದ ಮನೆಯೊಳಗಿನ ಪ್ರಾಣಿ. ಅಡುಗೆಮನೆಯ ನೆಲದಲ್ಲಿ ಓಡಾಡಿಕೊಂಡಿರುತ್ತವೆ, ಹಬ್ಬ ಬಂದಾಗ ಅದೇ ಒಲೆಯ ಮೇಲೆ ಬೇಯುತ್ತವೆ. ಪೆರುವಿನ ಕುಸ್ಕೊ ನಗರದ ದೊಡ್ಡ ಚರ್ಚಿನಲ್ಲಿ ಯೇಸುವಿನ ಕೊನೆಯ ಊಟದ ಚಿತ್ರವಿದೆ, 18ನೇ ಶತಮಾನದಲ್ಲಿ ಮಾರ್ಕೋಸ್ ಜಪಾಟಾ ಬರೆದದ್ದು. ನಡುವಿನ ತಟ್ಟೆಯಲ್ಲಿ ಕಾಲು ಮೇಲೆ ಮಾಡಿ ಮಲಗಿರುವುದು ಗಿನಿಪಿಗ್ ಎನ್ನುತ್ತಾರೆ.

ಅಜ್ಜಿಗೆ ಇದನ್ನು ಹೇಳಲಿಲ್ಲ.

6
ಗೋಡೆಯ ಆಚೆ ಪವರ್‌ಲೂಮ್. ಆ ಸದ್ದಿಗೆ ಇವು ಎದೆ ಒಡೆದು ಸಾಯುತ್ತವೆ ಎಂದು ಹುಡುಗಿ ಅತ್ತಿದ್ದಳು. ಕೆಲವೇ ದಿನಗಳಲ್ಲಿ ಒಗ್ಗಿಕೊಂಡವು. ಈಗ ಕರೆಂಟ್ ಹೋಗಿ ಮಗ್ಗ ನಿಂತರೆ ಗೂಡಿಗೆ ಓಡುತ್ತವೆ. ಮತ್ತೆ ಮಗ್ಗ ಶುರುವಾದರೆ ಹೊರಗೆ ಬರುತ್ತವೆ.

ಅಣ್ಣನಿಗೂ ಕರೆಂಟ್ ಹೋದರೆ ನಿದ್ದೆಯಿಂದ ಎಚ್ಚರವಾಗುತ್ತದೆ.

7
ಇಪ್ಪತ್ತು ಹಲ್ಲು. ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಸವೆಯಬೇಕಾದರೆ ದಿನವೆಲ್ಲ ಹುಲ್ಲು ಅಗಿಯಬೇಕು. ಊಟದ ಬಹುಪಾಲು ಹುಲ್ಲೇ. ತೂಬಗೆರೆ ಕಡೆಯಿಂದ ಬರುವ ಹಾಲಿನವನು ಕ್ಯಾನಿನ ಮೇಲೆ ಒಂದು ಕಂತೆ ಸೀಮೆಹುಲ್ಲು ಇಟ್ಟುಕೊಂಡು ಬರುತ್ತಾನೆ. ಕುದುರೆಮೆಂತೆಯನ್ನೂ ತಂದ. ಅದರಲ್ಲಿ ಸುಣ್ಣದಂಶ ಹೆಚ್ಚು. ಮರಿಗಳಿಗೆ, ಬಸುರಿಗೆ ಒಳ್ಳೆಯದು, ಬೆಳೆದವಕ್ಕೆ ದಿನಾ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ರಾಗಿ ಹುಲ್ಲು ಹಾಕಿದರೆ ಗರಿ ತಿಂದು ಕಡ್ಡಿಯ ಮೇಲೆ ಮಲಗುತ್ತವೆ.

ಹಾಲಿನವನ ಪ್ರಶ್ನೆ: "ಇದು ಹಾಲು ಕೊಡಲ್ಲ, ಮೊಟ್ಟೆ ಇಡಲ್ಲ, ಮನೆ ಕಾಯಲ್ಲ. ಮತ್ತೆ?"

ಯಾರೂ ಉತ್ತರ ಕೊಡಲಿಲ್ಲ. ಹುಲ್ಲು ತರುವುದನ್ನು ಅವನು ನಿಲ್ಲಿಸಲೂ ಇಲ್ಲ.

8
ಗರಿಕೆ ಎಂದರೆ ಪ್ರಾಣ. ಹೂವಿನ ಅಂಗಡಿಯಲ್ಲಿ ನಾಲ್ಕಾರು ಸಲ ಕಟ್ಟುಗಟ್ಟಲೆ ಕೊಂಡೆ.

"ದಿನಾ ಗಣಪತಿ ಪೂಜೆನಾ ಮೇಷ್ಟ್ರೇ?"

"ಇಲ್ಲಮ್ಮ, ಇಲಿ ಜಾತಿಯದೊಂದಕ್ಕೆ."

"ಅದೂ ಅಲ್ಲಿಗೇ ಸೇರುತ್ತೆ ಬಿಡಿ," ಎಂದು ಇನ್ನೊಂದು ಹಿಡಿ ಸೇರಿಸಿದಳು.

9
ಅಂಗಡಿಯವನು ಲಕ್ಷ್ಮಿಯ ಜೊತೆ ಕೊಟ್ಟ ಪೊಟ್ಟಣದಲ್ಲಿ ಇದ್ದದ್ದು ಮುಸುಕಿನ ಜೋಳ, ಸೂರ್ಯಕಾಂತಿ ಬೀಜ, ಬಣ್ಣದ ಉಂಡೆ. ಹಸಿರು ಏನೂ ಇಲ್ಲ.

ನಾಯಿ, ಹಸು, ಇಲಿ ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ಮಾಡಿಕೊಳ್ಳುತ್ತವೆ. ಗಿನಿಪಿಗ್‌ಗೆ ಆಗುವುದಿಲ್ಲ. ಮನುಷ್ಯನಿಗೂ ಆಗುವುದಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ ನೋಡಿದರು. ಅವರು ಕಾಯುತ್ತಿದ್ದದ್ದು ಬೆರಿಬೆರಿ. ಬಂದದ್ದು ಹಡಗಿನವರ ಒಸಡು ಕೊಳೆಯಿಸುತ್ತಿದ್ದ ಸ್ಕರ್ವಿ. ಇಲಿಯನ್ನೋ ನಾಯಿಯನ್ನೋ ಹಿಡಿದಿದ್ದರೆ ಸ್ಕರ್ವಿ ಕಾಣುತ್ತಿರಲಿಲ್ಲ.

ಈ ಸೀಮೆಯಲ್ಲಿ ಸಿ ಜೀವಸತ್ವದ ಕೊರತೆ ತುಂಬುವುದು ಸುಲಭ. ದಪ್ಪ ಮೆಣಸಿನಕಾಯಿಯ ಹೋಳು, ಸೀಬೆಯ ಚೂರು, ಕೊತ್ತಂಬರಿ ಸೊಪ್ಪು. ಭೌಗೋಳಿಕ ಸೂಚ್ಯಂಕ ಪಡೆದ ದೇವನಹಳ್ಳಿ ಚಕ್ಕೋತದ ಒಂದು ತೊಳೆಯನ್ನೂ ಕೊಟ್ಟು ನೋಡಿದರು. ಹಿರಿಯ ಹೆಣ್ಣು ತಿಂದಿತು. ಎರಡನೆಯದು ಮೂಸಿ ಮೂತಿ ಒರೆಸಿಕೊಂಡಿತು.

ಅಜ್ಜಿ ಮುದ್ದೆಯ ಚೂರು ಇಟ್ಟರು. ಅದು ಇಟ್ಟಲ್ಲೇ ಒಣಗಿತು.

10
ಒಂದು ಬಗೆಯ ಹಿಕ್ಕೆಯನ್ನು ತಾವೇ ತಿನ್ನುತ್ತವೆ, ಬಾಗಿ, ನೇರ ಬಾಯಿಗೆ ತೆಗೆದುಕೊಂಡು. ಎರಡನೇ ಸಲ ಕರುಳಿಗೆ ಹೋದಾಗ ಮೊದಲ ಸಲ ದಕ್ಕದ್ದು ದಕ್ಕುತ್ತದೆ. ಅಜ್ಜಿ ಅವತ್ತು ಬೇಗ ಒಳಗೆ ಹೋದರು.

11
ಹತ್ತಿರದ ವಿಜಯಪುರದ ಕಡೆ ರೇಷ್ಮೆ ಸಾಕುವ ನೆಂಟರು ಹಿಪ್ಪುನೇರಳೆ ಸೊಪ್ಪು ತಂದರು. ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಹುಡುಗಿ ಕೇಳಿದಳು. ನೆಂಟರಿಗೆ ಖುಷಿಯಾಯಿತು. ಹುಳು ಸಾಕದವರು ಈ ಪ್ರಶ್ನೆ ಕೇಳಿದ್ದು ಅವರು ನೋಡಿಯೇ ಇರಲಿಲ್ಲ.

12
ಹೊಸದನ್ನು ಬಂದ ಕೂಡಲೆ ಹಳೆಯವುಗಳ ಜೊತೆ ಬಿಡುವಂತಿಲ್ಲ. ಎರಡು ಮೂರು ವಾರ ಬೇರೆ. ಹೇನು, ಹುಳುಕಡ್ಡಿ, ಉಸಿರಾಟದ ಸೋಂಕು ಹೊರಬೀಳುವುದಿದ್ದರೆ ಅಷ್ಟರಲ್ಲಿ ಬೀಳಲಿ ಎಂದು. ಲಕ್ಷ್ಮಿ ತಮ್ಮನ ಕಡೆಯ ಬಚ್ಚಲ ಪಕ್ಕ ಒಂಟಿಯಾಗಿ ಇತ್ತು. ಹುಡುಗ ಅದರ ಮುಂದೆ ಕೂತು ಮಗ್ಗಿ ಓದುತ್ತಿದ್ದ. ಹದಿನೇಳರ ಮಗ್ಗಿ ಅವನಿಗೆ ಈಗ ಬರುತ್ತದೆ.

13
ಸ್ವಿಟ್ಜರ್ಲೆಂಡಿನಲ್ಲಿ 2008ರ ಕಾನೂನಿನ ಪ್ರಕಾರ ಗಿನಿಪಿಗ್ ಒಂದನ್ನೇ ಸಾಕುವಂತಿಲ್ಲ. ಜೋಡಿಯಲ್ಲಿ ಒಂದು ಸತ್ತರೆ? ಉಳಿದದ್ದಕ್ಕೆ ಒಂದು ಜೊತೆಯನ್ನು ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಉಳಿದದ್ದೂ ಸತ್ತ ಮೇಲೆ ಬಾಡಿಗೆಯದು ವಾಪಸು.

14
ಲಕ್ಷ್ಮಿ ಗಂಡು.

15
ಬೆಂಗಳೂರಿನ ಪಶುವೈದ್ಯೆ ತಿರುಗಿಸಿ ನೋಡಿ ಅರೆಕ್ಷಣದಲ್ಲಿ ಹೇಳಿದರು. ಬೇರೆ ಇಟ್ಟಿದ್ದು ಒಳ್ಳೆಯದಾಯಿತು. ಹೆಣ್ಣು ಹುಟ್ಟಿದ ತಿಂಗಳಿಗೇ ಗಬ್ಬವಾಗಬಲ್ಲದು. ಹೊತ್ತಿರುವುದು ಎರಡು ತಿಂಗಳ ಮೇಲೆ ಕೆಲವು ದಿನ. ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಬಿಟ್ಟ ಕಣ್ಣು, ಬಾಯಲ್ಲಿ ಹಲ್ಲು. ಮೊದಲ ದಿನವೇ ಹುಲ್ಲು ಕಡಿಯುತ್ತದೆ. ಈದ ದಿನವೇ ತಾಯಿ ಮತ್ತೆ ಗಬ್ಬವಾಗಬಹುದು. ಆದರೆ ಆರೇಳು ತಿಂಗಳ ತನಕ ಒಮ್ಮೆಯೂ ಈಯದ ಹೆಣ್ಣಿನ ಸೊಂಟದ ಕೀಲು ಬಿಗಿದುಕೊಳ್ಳುತ್ತದೆ. ಆಮೇಲಿನ ಮೊದಲ ಹೆರಿಗೆ ಜೀವಕ್ಕೇ ಅಪಾಯ. ಇಲ್ಲಿಯ ಎರಡೂ ಆ ವಯಸ್ಸು ದಾಟಿದವು.

ಲಕ್ಷ್ಮಿಗೆ ಬೀಜ ತೆಗೆಸಿದರು. ತೆಗೆಸಿದ ಮೇಲೂ ಸುಮಾರು ಆರು ವಾರ ಹೆಣ್ಣಿನ ಹತ್ತಿರ ಬಿಡಬಾರದು ಎಂದರು. ದನಕ್ಕೂ ಮನುಷ್ಯನಿಗೂ ಕೊಡುವ ಪೆನಿಸಿಲಿನ್ ಇದರ ಬಾಯಿಗೆ ಹೋಗಬಾರದು ಎಂದೂ ಹೇಳಿದರು. ಕರುಳಿನ ಒಳ್ಳೆಯ ಜೀವಾಣುಗಳು ಸತ್ತು ಪ್ರಾಣಿಯೇ ಸಾಯಬಹುದು. 1882ರಲ್ಲಿ ಕ್ಷಯದ ರೋಗಾಣುವನ್ನು ವಿಜ್ಞಾನಿ ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು ಗಿನಿಪಿಗ್‌ಗಳಿಗೆ ಚುಚ್ಚಿ. ಮನುಷ್ಯನ ಕಾಯಿಲೆಗೆ ಇವು ಬೇಕು, ಮನುಷ್ಯನ ಈ ಔಷಧಿ ಇವಕ್ಕೆ ಆಗದು.

ಹೆಸರು ಲಕ್ಷ್ಮಿ ಎಂದೇ ಉಳಿಯಿತು.

16
ಮೆಟ್ಟಿಲ ಕೆಳಗೆ ಈಗ ನಡುವೆ ಜಾಲರಿ. ಆ ಕಡೆ ಎರಡು, ಈ ಕಡೆ ಒಂದು. ಎರಡಕ್ಕೆ 7.5 ಚದರಡಿ, ಮೂರಕ್ಕೆ 10.5 ಎಂಬುದು ಸಾಕುವವರ ಲೆಕ್ಕ. ಹುಡುಗಿ ಟೇಪು ಹಿಡಿದು ಅಳೆದಳು. ಮೆಟ್ಟಿಲು ಇಳಿಜಾರಾದ ಕಡೆ ಮನುಷ್ಯ ಬಗ್ಗಬೇಕು. ಪ್ರಾಣಿಗೆ ಆ ತೊಂದರೆ ಇಲ್ಲ.

ಎರಡು ದಿನಕ್ಕೊಮ್ಮೆ ಹಾಸಿದ ಬಟ್ಟೆಯನ್ನು ಅದಲು ಬದಲು ಮಾಡುತ್ತಾರೆ. ಇದರ ವಾಸನೆ ಅದಕ್ಕೆ, ಅದರ ವಾಸನೆ ಇದಕ್ಕೆ.

17
ಅಜ್ಜಿಯ ತವರು ಘಾಟಿ ಸುಬ್ರಹ್ಮಣ್ಯದ ಹತ್ತಿರ. ಹೊಸದನ್ನು ಹಳೆಯದಕ್ಕೆ ಹೊಂದಿಸುವ ಬಗ್ಗೆ ಅವರು ಹೇಳಿದ್ದು:

"ಕೋಳಿ ಆದ್ರೆ ಕತ್ತಲಾದ್ಮೇಲೆ ಗೂಡಿಗೆ ಬಿಡ್ತಿದ್ವಿ. ಬೆಳಿಗ್ಗೆ ಎದ್ದಾಗ ಹೊಸದ್ಯಾವುದು ಹಳೇದ್ಯಾವುದು ಅವಕ್ಕೇ ಗೊತ್ತಾಗ್ತಿರಲಿಲ್ಲ."

"ಜಾತ್ರೆಯಿಂದ ತಂದ ಹೋರಿನ ಹಳೇ ಎತ್ತಿನ ಜೊತೆ ಹೂಡ್ತಿದ್ರು. ಹೊಸದು ಎರಡನ್ನೂ ಒಟ್ಟಿಗೆ ಹೂಡಿದ್ರೆ ನೇಗಿಲು ಮುರೀತು ಅಂತಲೇ ಲೆಕ್ಕ."

"ಕರು ಸತ್ತ ಹಸೂಗೆ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸೋರು. ನೆಕ್ಕುತ್ತಾ ಹಾಲು ಬಿಡೋದು."

ಅಣ್ಣ ತಮ್ಮ ಚಿಕ್ಕವರಿದ್ದಾಗ ಜಗಳವಾಡಿದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಇಬ್ಬರಿಗೂ ಹೊಡೀತಿದ್ದೆ," ಎಂದರು.

18
ಪರಿಚಯದ ದಿನ. ಇಬ್ಬರದೂ ಅಲ್ಲದ ಜಾಗ ಬೇಕು ಎಂಬುದು ನಿಯಮ; ಹಳೆಯ ವಾಸನೆ ಇರಬಾರದು. ಮೇಲಿನ ಕೋಣೆಯನ್ನು ವಿನೆಗರ್ ನೀರಿನಲ್ಲಿ ಒರೆಸಿದರು. ಮೂರು ಕಡೆ ಹುಲ್ಲಿನ ರಾಶಿ. ಎರಡು ಕಡೆ ನೀರು. ಸೀರೆ ಕಳಿಸುವ ರಟ್ಟಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಬಾಗಿಲು ಕತ್ತರಿಸಿದರು. ಹುಡುಗ ಒಂದೊಂದು ಬಾಗಿಲು ಕತ್ತರಿಸಿದ್ದ. ಹುಡುಗಿ ಎಲ್ಲಕ್ಕೂ ಎರಡನೆಯದು ಕತ್ತರಿಸಿದಳು. ಒಂದೇ ಬಾಗಿಲಿದ್ದರೆ ಒಂದು ಒಳಗೆ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ಬಾಗಿಲಲ್ಲಿ ನಿಲ್ಲುತ್ತದೆ, ರಕ್ತವಾಗುವುದು ಅಲ್ಲೇ.

ಜಗಳ ಬಿಡಿಸಲು ಕೈ ಹಾಕಬಾರದು. ಅಡುಗೆಮನೆಯಿಂದ ಮೊರ ತಂದಿಟ್ಟುಕೊಂಡರು.

19
ಕಂಡದ್ದು, ಕ್ರಮವಾಗಿ:

ಮೂಗಿಗೆ ಮೂಗು. ಹಿಂದೆ ಹೋಗಿ ಮೂಸುವುದು. ಲಕ್ಷ್ಮಿ ಸೊಂಟ ಆಡಿಸುತ್ತಾ, ಹೊಟ್ಟೆಯೊಳಗಿಂದ ಗುರುಗುಡುತ್ತಾ ನಿಧಾನ ಸುತ್ತು ಹಾಕಿತು. "ಡ್ಯಾನ್ಸ್," ಎಂದ ಹುಡುಗ. "ಜಂಬ," ಎಂದರು ಅಜ್ಜಿ. ಹಿರಿಯ ಹೆಣ್ಣು ಹಿಂದಕ್ಕೆ ಮೂತ್ರ ಚಿಮ್ಮಿಸಿತು. ನೇರ ಲಕ್ಷ್ಮಿಯ ಮುಖಕ್ಕೆ. ಲಕ್ಷ್ಮಿ ಮುಖ ತೊಳೆದುಕೊಂಡು ಮತ್ತೆ ಬಂತು. ಆಮೇಲೆ ಎರಡೂ ಎದುರುಬದುರು ನಿಂತು ಗದ್ದ ಎತ್ತತೊಡಗಿದವು, ಯಾರದು ಹೆಚ್ಚು ಎತ್ತರ ಎಂದು. ಹಲ್ಲು ಕಟಕಟ ಎಂದವು. ಹುಡುಗ ಮೊರ ಎತ್ತಿಕೊಂಡ. ಹುಡುಗಿ ಅವನ ಕೈ ಹಿಡಿದಳು: "ರಕ್ತ ಬಂದ್ರೆ ಮಾತ್ರ ಕಣೋ. ಈಗ ಬಿಡಿಸಿದ್ರೆ ನಾಳೆ ಮೊದಲಿಂದ ಶುರು ಮಾಡ್ಬೇಕು."

ಲಕ್ಷ್ಮಿ ಗದ್ದ ಇಳಿಸಿತು. ಹಿರಿಯ ಹೆಣ್ಣು ಹೋಗಿ ಹುಲ್ಲು ತಿಂದಿತು.

ಎರಡನೇ ಹೆಣ್ಣು ಇಷ್ಟು ಹೊತ್ತೂ ಪೆಟ್ಟಿಗೆಯೊಳಗೆ ಮಲಗಿತ್ತು.

20
ನೋಡಲು ಅಣ್ಣ ಬಂದು ಬಾಗಿಲ ಬಳಿ ನಿಂತ. ತಮ್ಮ ಮೊದಲೇ ಕಿಟಕಿಯ ಬಳಿ ಇದ್ದ. "ಗದ್ದ ಎತ್ತಿದ್ದು ನೋಡಿದ್ಯಾ," ಎಂದು ಅಣ್ಣ ಕೇಳಿದ. ಯಾರನ್ನು ಕೇಳಿದ ಎಂಬುದು ಸ್ಪಷ್ಟವಾಗಲಿಲ್ಲ. ತಮ್ಮ "ಹೂಂ" ಎಂದ.

21
ಏಪ್ರಿಲ್. 30 ಡಿಗ್ರಿ ದಾಟಿದರೆ ಇವಕ್ಕೆ ಆಪತ್ತು. ಬೆವರುವುದಿಲ್ಲ, ನಾಯಿಯಂತೆ ತೇಕಿ ತಂಪಾಗುವುದೂ ಬರುವುದಿಲ್ಲ. ರೇಷ್ಮೆಯ ಹುಳುಮನೆಯಲ್ಲಿ ಮಾಡುವಂತೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದರು. ಗೋಣಿ ಅಣ್ಣನದು, ನೀರು ತಮ್ಮನ ನಲ್ಲಿಯದು.

22
ಕೆಲವೊಮ್ಮೆ ನಿಂತಲ್ಲೇ ಎಗರುತ್ತವೆ, ಗಾಳಿಯಲ್ಲೇ ಮೈ ತಿರುಚಿ. ಪೆಟ್ಟಾಯಿತೇನೋ ಎನಿಸುತ್ತದೆ. ಖುಷಿಯಾದರೆ ಹಾಗೆಯಂತೆ. ಬೀಜ ತೆಗೆಸಿದ ಲಕ್ಷ್ಮಿಯೇ ಹೆಚ್ಚು ಎಗರುತ್ತದೆ.

23
ತಮ್ಮನ ಕಡೆಯ ಫ್ರಿಜ್ ತೆರೆದರೆ ಮೂರೂ ಒಟ್ಟಿಗೆ ವೀಕ್ ವೀಕ್ ಎನ್ನುತ್ತವೆ. ಅಣ್ಣನ ಕಡೆಯ ಫ್ರಿಜ್‌ಗೆ ಕೂಗುವುದಿಲ್ಲ. ಕೊತ್ತಂಬರಿ ಇರುವುದು ತಮ್ಮನ ಕಡೆ. ಇದು ಗೊತ್ತಾದ ಮೇಲೆ ಅಣ್ಣನ ಹೆಂಡತಿಯೂ ಕೊತ್ತಂಬರಿ ತಂದಿಟ್ಟಳು.

24
ಮೂರೂ ಒಟ್ಟಿಗೆ ಇವೆ. ಒಂದನ್ನೊಂದು ಒತ್ತಿಕೊಂಡು ಮಲಗುವುದಿಲ್ಲ. ಮೂರು ಪೆಟ್ಟಿಗೆ, ಮೂರು ಮೂಲೆ. ಆದರೆ ಒಂದನ್ನು ತೂಗಲು ಎತ್ತಿಕೊಂಡರೆ ಉಳಿದೆರಡು ಅದು ವಾಪಸು ಬರುವ ತನಕ ತಿನ್ನುವುದಿಲ್ಲ.

25
ತೂಕ ವಾರಕ್ಕೊಮ್ಮೆ. ಕಾಯಿಲೆ ಬಿದ್ದರೂ ಇವು ತೋರಿಸಿಕೊಳ್ಳುವುದಿಲ್ಲ. ತೂಕ ಇಳಿದರೆ ಮಾತ್ರ ಗೊತ್ತು. ರೇಷ್ಮೆ ನೂಲು ತೂಗುವ ತಕ್ಕಡಿಯನ್ನು ಅಣ್ಣ ಕೊಟ್ಟಿದ್ದಾನೆ. ಬರೆಯುವುದು ತಮ್ಮನ ಮಗ. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಖರ್ಚಿನ ಲೆಕ್ಕ: ಹುಲ್ಲು, ದಪ್ಪ ಮೆಣಸಿನಕಾಯಿ, ವೈದ್ಯರ ಫೀಸು, ಬಸ್ ಚಾರ್ಜು. ತಲೆ ಲೆಕ್ಕದಲ್ಲಿ ಹಂಚಿದರೆ ಅಣ್ಣನದು ಎರಡು ಪಾಲು, ತಮ್ಮನದು ಒಂದು. ಮನೆ ಲೆಕ್ಕದಲ್ಲಿ ಹಂಚಿದರೆ ಅರ್ಧ ಅರ್ಧ. ಆಪರೇಷನ್ ಖರ್ಚು ಲಕ್ಷ್ಮಿಯದು ಮಾತ್ರವೋ ಮೂರರದೂ ಹೌದೋ ಎಂಬುದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ನನ್ನನ್ನು ಕೇಳಿದರು. ನಾನು ಗಣಿತದ ಮೇಷ್ಟ್ರಲ್ಲ ಎಂದೆ.