ಹಡಗಿನ ಊಟವೂ ಒಂದು ಅತಿಚಾರವೂ

ವರ್ತಕನಾದವನು ತನ್ನ ಲೆಕ್ಕದಲ್ಲಿ ನುಸುಳಿದ ತಪ್ಪನ್ನು ತಾನಾಗಿಯೇ ನಾಲ್ವರ ಮುಂದೆ ತೆರೆದಿಡುವುದು ವಾಡಿಕೆಯಲ್ಲ. ಆದರೂ ಈ ಪತ್ರಿಕೆಯ ಓದುಗರು ಧರ್ಮಬಂಧುಗಳಾದುದರಿಂದಲೂ, ಮಕ್ಕಳು ಪರದೇಶದಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಈಗ ಇಂತಹ ಪ್ರವಾಸಗಳಿಗೆ ಹೊರಡುತ್ತಿರುವುದರಿಂದಲೂ, 2023ರ ಜೂನ್ ತಿಂಗಳಲ್ಲಿ ನನ್ನಿಂದ ನಡೆದ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಬರೆಯಲು ಮನಸ್ಸು ಮಾಡಿದ್ದೇನೆ.

ನನ್ನ ಮಗ ಅಮೆರಿಕೆಯ ಸಿಯಾಟಲ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಆ ವರ್ಷ ನಾನೂ ನನ್ನ ಮನೆಯವರೂ ಅವನಲ್ಲಿಗೆ ಹೋಗಿದ್ದಾಗ, ಏಳು ರಾತ್ರಿಗಳ ಅಲಾಸ್ಕಾ ಕಡಲಯಾನಕ್ಕೆ ಅವನು ಮೊದಲೇ ಹಣ ಕಟ್ಟಿಬಿಟ್ಟಿದ್ದನು. ದಿಗ್ವ್ರತ ಸ್ವೀಕರಿಸಿದವರಾಗಿದ್ದರೆ ನಿರಾಕರಿಸಲು ಒಂದು ಕಾರಣವಾದರೂ ಇರುತ್ತಿತ್ತು. ನನಗೆ ಆ ವ್ರತವಿಲ್ಲ. ರಾತ್ರಿಭೋಜನ ತ್ಯಾಗವನ್ನೂ ಕಂದಮೂಲ ತ್ಯಾಗವನ್ನೂ ನಾವಿಬ್ಬರೂ 2006ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳದಲ್ಲಿ ಸ್ವೀಕರಿಸಿದ್ದೆವು. ಇದನ್ನು ತಿಳಿದಿದ್ದ ಮಗನು ಎರಡು ತಿಂಗಳು ಮುಂಚಿತವಾಗಿಯೇ ಜೈನ ಆಹಾರ ಬೇಕೆಂದು ಬರೆದು ತಿಳಿಸಿದ್ದನು.

ಹಡಗೆಂದರೆ ಹಡಗಲ್ಲ, ತೇಲುವ ಒಂದು ಪಟ್ಟಣ. ಪ್ರಯಾಣಿಕರು ಸುಮಾರು ಮೂರು ಸಾವಿರ, ಅವರ ಸೇವೆಗೆ ಸಾವಿರಕ್ಕೂ ಮಿಕ್ಕ ಸಿಬ್ಬಂದಿ. ಮೇಲಿನ ಅಂತಸ್ತಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಯಾರು ಬೇಕಾದರೂ ಬಡಿಸಿಕೊಂಡು ತಿನ್ನುವ ಬಫೆ ಶಾಲೆ. ಕೆಳಗೆ ಬಿಳಿಯ ಮೇಜುಬಟ್ಟೆ ಹಾಸಿದ ದೊಡ್ಡ ಭೋಜನಶಾಲೆ. ಅಲ್ಲಿ ಸಂಜೆ ಎರಡು ಪಂಕ್ತಿ. ಮೊದಲನೆಯದು ಐದೂವರೆಗೆ, ಎರಡನೆಯದು ಎಂಟಕ್ಕೆ. ಪ್ರತಿ ಕುಟುಂಬಕ್ಕೂ ಗೊತ್ತುಪಡಿಸಿದ ಮೇಜು, ಏಳು ದಿನವೂ ಬಡಿಸಲು ಅದೇ ಮಾಣಿ, ಅದೇ ಸಹಾಯಕ. ನಾನು ತುಮಕೂರಿನಲ್ಲಿ ಪಾತ್ರೆಯ ಅಂಗಡಿ ಇಟ್ಟವನು. ನನ್ನ ಕಣ್ಣು ಮೊದಲು ಹೋದದ್ದು ತಟ್ಟೆ ಚಮಚಗಳ ಕಡೆಗೆ. ಒಬ್ಬರ ಮುಂದೆ ಒಂದು ಹೊತ್ತಿಗೆ ಏಳೆಂಟು ಚಮಚ, ಮುಳ್ಳುಚಮಚ, ಚಾಕುಗಳು. ಪ್ರತಿ ಬಗೆಗೂ ಬೇರೆ ತಟ್ಟೆ. ನನ್ನ ಅಂಗಡಿಯಲ್ಲಿ ಒಂದು ವರ್ಷದಲ್ಲಿ ಮಾರಾಟವಾಗುವುದಕ್ಕಿಂತ ಹೆಚ್ಚಿನ ಸಾಮಾನನ್ನು ಅಲ್ಲಿ ಒಂದು ರಾತ್ರಿ ತೊಳೆದು ಒರೆಸಿ ಜೋಡಿಸಬೇಕು. ತೊಳೆಯುವವರು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ನಮ್ಮ ಮೇಜಿನ ಮಾಣಿ ಇಂಡೋನೇಷ್ಯಾದ ತರುಣ. ಮೊದಲ ದಿನವೇ ನಮ್ಮೆಲ್ಲರ ಹೆಸರು ಕಲಿತನು; ನನ್ನ ಮೊಮ್ಮಗಳಿಗೆ ಕರವಸ್ತ್ರವನ್ನು ಮಡಿಸಿ ಕೊಕ್ಕರೆ ಮಾಡಿಕೊಟ್ಟನು. ಪಕ್ಕದ ಮೇಜಿನಲ್ಲಿ ಅಮೆರಿಕೆಯಲ್ಲಿಯೇ ನೆಲೆಸಿರುವ ಗುಜರಾತಿ ಜೈನ ದಂಪತಿಗಳು, ಅವರ ಇಬ್ಬರು ಮಕ್ಕಳು. ನಾವು ಐವರು, ಅವರು ನಾಲ್ವರು, ಒಟ್ಟು ಒಂಬತ್ತು ಎಲೆಗಳ ಜೈನ ಪಂಕ್ತಿ.

ಎರಡನೆಯ ಸಂಜೆ ತರಕಾರಿಯ ಸಾರು ಬಂತು. ಎರಡು ಚಮಚ ಕುಡಿದಿದ್ದೆ. ಸೊಸೆಗೆ ವಾಸನೆಯಲ್ಲಿ ಏನೋ ಅನುಮಾನ ಬಂದು ವಿಚಾರಿಸಿದಳು. ಮಾಣಿ ಒಳಗೆ ಹೋಗಿ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. ತರಕಾರಿ ಬೆಂದದ್ದು ಮೀನಿನ ಮೂಳೆ ಕುದಿಸಿದ ನೀರಿನಲ್ಲಿ. ಮಗನು ಎರಡು ತಿಂಗಳ ಹಿಂದೆ ಬರೆದ ಸೂಚನೆ ಅಡಿಗೆಮನೆಯನ್ನು ತಲುಪಿಯೇ ಇರಲಿಲ್ಲ. ಆಗ ನನ್ನ ಮನಸ್ಸಿನ ಸ್ಥಿತಿ ಹೇಗಿತ್ತೆಂಬುದನ್ನು ಜೈನ ಓದುಗರಿಗೆ ವಿವರಿಸಬೇಕಾಗಿಲ್ಲ. ಎಲೆ ಬಿಟ್ಟೆದ್ದು ಕೊಠಡಿಗೆ ಬಂದು ಬಾಯಿ ಮುಕ್ಕಳಿಸಿ, ಮರುದಿನ ಉಪವಾಸವೆಂದು ಸಂಕಲ್ಪ ಮಾಡಿದೆ. ಮುಖ್ಯ ಮಾಣಿ ಬಂದು ಕ್ಷಮೆ ಕೇಳಿದನು. ನಾನು ಉತ್ತರಿಸಲಿಲ್ಲ.

ಉಪವಾಸ ಪ್ರಾಯಶ್ಚಿತ್ತವಾಯಿತು, ಸರಿ. ಆದರೆ ಕೋಪ ಉಪವಾಸ ಮಾಡಲಿಲ್ಲ. ಹಡಗಿನಲ್ಲಿ ತಲೆಗೆ ದಿನಕ್ಕೆ 16 ಡಾಲರಿನಂತೆ ಸೇವಾ ಭಕ್ಷೀಸು ನಮ್ಮ ಲೆಕ್ಕಕ್ಕೆ ತಾನಾಗಿಯೇ ಸೇರುತ್ತಿತ್ತು. ನಮ್ಮಿಬ್ಬರಿಗೆ ಏಳು ದಿನಕ್ಕೆ 224 ಡಾಲರು, ಅಂದಿನ ದರದಲ್ಲಿ ಹದಿನೆಂಟು ಸಾವಿರ ರೂಪಾಯಿಗೂ ಮೇಲೆ. ಪ್ರಯಾಣಿಕರು ಕೇಳಿದರೆ ಅದನ್ನು ತೆಗೆದುಹಾಕುತ್ತಾರೆಂದು ಪಕ್ಕದ ಮೇಜಿನವರು ಹೇಳಿದ್ದರು. ಮೂರನೆಯ ದಿನ ಹಡಗು ಜೂನೋ ಊರಿನ ರೇವಿನಲ್ಲಿ ನಿಂತು ಎಲ್ಲರೂ ಹಿಮನದಿ ನೋಡಲು ಇಳಿದಾಗ, ನಾನು ಉಪವಾಸದ ಹೊಟ್ಟೆಯಲ್ಲಿ ವಿಚಾರಣೆಯ ಕಟ್ಟೆಗೆ ಹೋಗಿ ನಮ್ಮಿಬ್ಬರ ಭಕ್ಷೀಸನ್ನು ರದ್ದುಪಡಿಸಿದೆ. ಕಟ್ಟೆಯ ಹೆಣ್ಣುಮಗಳು ಕಾರಣವನ್ನೂ ಕೇಳಲಿಲ್ಲ. ಸೇವೆಯಲ್ಲಿ ಲೋಪವಾದರೆ ಹಣ ಕಡಿತ, ವ್ಯಾಪಾರದ ನ್ಯಾಯ ಅದು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯವರಿಗೆ ಹೇಳಲಿಲ್ಲ. ಹೇಳದೆ ಇದ್ದುದರಿಂದಲೇ ಅದು ನ್ಯಾಯವಲ್ಲವೆಂದು ಒಳಗೆ ತಿಳಿದಿತ್ತೆಂದು ಈಗ ಅನಿಸುತ್ತದೆ.

ನಾಲ್ಕನೆಯ ದಿನದಿಂದ ಊಟದ ರೀತಿಯೇ ಬದಲಾಯಿತು. ಅನ್ನ, ಇಂಗಿನ ಒಗ್ಗರಣೆಯ ತೊಗರಿಬೇಳೆ ತೊವ್ವೆ, ಹುರುಳಿಕಾಯಿ ಪಲ್ಯ, ತೆಳ್ಳನೆಯ ಚಪಾತಿ. ಈರುಳ್ಳಿ ಬೆಳ್ಳುಳ್ಳಿಯ ಸೋಂಕಿಲ್ಲ, ಗೆಡ್ಡೆಗಳಿಲ್ಲ. ಬೆಳಗಿನ ಉಪಾಹಾರಕ್ಕೂ ಬಿಸಿ ಉಪ್ಪಿಟ್ಟು. ಮಾಣಿಯು ಪ್ರತಿ ರಾತ್ರಿ ಮರುದಿನಕ್ಕೆ ಏನು ಬೇಕೆಂದು ಬರೆದುಕೊಂಡು ಹೋಗುತ್ತಿದ್ದನು, ನಾವು ಒಂಬತ್ತು ಮಂದಿ ಒಂಬತ್ತು ಬಗೆ ಹೇಳುತ್ತಿದ್ದೆವು.

ಈ ನಡುವೆ ಇನ್ನೊಂದು ವಿಚಾರ. ಜೂನ್ ತಿಂಗಳಲ್ಲಿ ಆ ಉತ್ತರದ ನಾಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ಸುಮಾರಿಗೆ. ಮುಂಜಾನೆ ನಾಲ್ಕಕ್ಕೆಲ್ಲ ಮತ್ತೆ ಬೆಳಕು. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲು ಊಟ ಮುಗಿಯಬೇಕೆಂಬ ನಿಯಮವನ್ನು ಅಕ್ಷರಶಃ ಹಿಡಿದರೂ ಒಂಬತ್ತು ಗಂಟೆಯವರೆಗೆ ಅವಕಾಶವಿತ್ತು. ಮಗನು ತಮಾಷೆಗೆಂಬಂತೆ, "ಅಪ್ಪಾಜಿ, ಇಲ್ಲಿ ಎರಡನೇ ಪಂಕ್ತಿಯೂ ಹಗಲೂಟವೇ" ಎಂದನು. ನಾನು ಶಾಸ್ತ್ರ ಹುಡುಕುತ್ತಿದ್ದಾಗ ಮನೆಯವರು, "ಸೂರ್ಯ ಮುಳುಗದಿದ್ದರೂ ಹೊಟ್ಟೆಗೆ ರಾತ್ರಿಯಾಗಿದೆಯಲ್ಲ" ಎಂದು ಚರ್ಚೆಯನ್ನು ಮುಗಿಸಿದರು. ಐದೂವರೆಯ ಪಂಕ್ತಿಯೇ ನಿಂತಿತು.

ಐದನೆಯ ದಿನ ಹಡಗು ಗ್ಲೇಸಿಯರ್ ಬೇ ಎಂಬ ರಾಷ್ಟ್ರೀಯ ಉದ್ಯಾನದ ಕೊಲ್ಲಿಯೊಳಗೆ ಮೆಲ್ಲನೆ ಸಾಗಿತು. ದಿನಕ್ಕೆ ಎರಡೇ ಪ್ರವಾಸಿ ಹಡಗುಗಳಿಗೆ ಅಲ್ಲಿ ಪ್ರವೇಶ. ನೀಲಿಯ ಮಂಜುಗೋಡೆಯಿಂದ ತುಂಡುಗಳು ಗುಡುಗಿನಂತಹ ಸದ್ದಿನೊಡನೆ ನೀರಿಗೆ ಬೀಳುವುದನ್ನು ಎಲ್ಲರೂ ನೋಡುತ್ತಿದ್ದರು. ನನಗೆ ಆ ತೊವ್ವೆಯ ಕೈ ಯಾರದೆಂಬ ಕುತೂಹಲ. ನಮಗೆ ಅಡಿಗೆ ಮಾಡುವವರನ್ನು ಕಂಡು ವಂದಿಸಬೇಕೆಂದು ಮಾಣಿಗೆ ಹಿಂದಿನ ರಾತ್ರಿ ಹೇಳಿದ್ದೆ. ಮಧ್ಯಾಹ್ನ ಮೂರರ ಸುಮಾರಿಗೆ ಖಾಲಿಯಾಗಿದ್ದ ಭೋಜನಶಾಲೆಯ ಬಾಗಿಲಲ್ಲಿ ಬಿಳಿಯ ಉಡುಪಿನ ಮೂವತ್ತರ ಆಸುಪಾಸಿನ ಒಬ್ಬ ಹುಡುಗ ಕೈಮುಗಿದು ನಿಂತಿದ್ದನು.

"ನಮಸ್ಕಾರ ಸಾರ್. ನಿಮ್ಮದು ತುಮಕೂರು ಅಂತೆ. ನಮ್ಮದು ಮೂಡುಬಿದಿರೆ ಹತ್ತಿರ. ಸಾವಿರ ಕಂಬದ ಬಸದಿ ಉಂಟಲ್ಲ, ಅಲ್ಲಿಂದ ಸ್ವಲ್ಪ ಮುಂದೆ."

ಅಷ್ಟು ದೂರದ ಮಂಜಿನ ನಡುವೆ ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಜೈನರ ಊಟದಲ್ಲಿ ಏನು ಸಲ್ಲದು ಎಂದು ಯಾರಿಂದ ಕಲಿತೆಯೆಂದು ಕೇಳಿದೆ. "ನಾವು ಅಕ್ಕಪಕ್ಕದವರಲ್ವಾ ಸಾರ್, ಚಿಕ್ಕಂದಿನಿಂದ ಗೊತ್ತುಂಟು. ಬಟಾಟೆ ಹಾಕಬಾರದು, ಕತ್ತಲೆ ಆಗುವ ಮೊದಲು ಕೊಡಬೇಕು" ಎಂದನು. ನಿನಗೆ ಈ ಹೊತ್ತಿನಲ್ಲಿ ಕೆಲಸವಿಲ್ಲವೇ ಎಂದದ್ದಕ್ಕೆ ಮೊದಲು ನಕ್ಕನು, ಆಮೇಲೆ ಒಂದೊಂದಾಗಿ ಹೇಳಿದನು. ಬೆಳಿಗ್ಗೆ ಆರಕ್ಕೆ ಅಡಿಗೆಮನೆಗೆ ಇಳಿಯಬೇಕು, ರಾತ್ರಿ ಒಂಬತ್ತೂವರೆಗೆ ಬಿಡುವು. ನಡುವೆ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ವಿಶ್ರಾಂತಿಯ ಅವಧಿ. ಎಲ್ಲರೂ ಮಲಗುವ ಹೊತ್ತು. ಸಂಜೆಯ ಗಡಿಬಿಡಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಸಿಗದು. ಆದುದರಿಂದ ನಮ್ಮ ಒಂಬತ್ತು ಎಲೆಗಳ ಅಡಿಗೆಯನ್ನು ಅವನು ಆ ಎರಡೂವರೆ ಗಂಟೆಯಲ್ಲಿ ಮಾಡುತ್ತಿದ್ದನು. ಎಂಟು ತಿಂಗಳ ಕರಾರು. ವಾರದ ರಜೆ ಎಂಬುದಿಲ್ಲ. ಮಗಳು ಹುಟ್ಟಿ ನಾಲ್ಕು ತಿಂಗಳು, ಫೋನಿನಲ್ಲಿ ಮಾತ್ರ ನೋಡಿದ್ದಾನೆ.

"ಹೇಳಿದ್ದು ಯಾರು, ಹೆಚ್ಚಿನ ಕೂಲಿ ಉಂಟೇ?" ಎಂದು ಕೇಳಿದೆ.

"ಯಾರೂ ಹೇಳಲಿಲ್ಲ ಸಾರ್. ಒಬ್ಬರು ಹಿರಿಯರು ಊಟ ಬಿಟ್ಟು ಎದ್ದರು ಅಂತ ಕೇಳಿದೆ. ಮನಸ್ಸು ತಡೆಯಲಿಲ್ಲ."

ಭಕ್ಷೀಸಿನ ಹಣ ಬಡಿಸುವವರಿಗೆ, ಕೊಠಡಿ ಒಪ್ಪಮಾಡುವವರಿಗೆ ಮಾತ್ರವಲ್ಲದೆ ತೆರೆಯ ಹಿಂದೆ ದುಡಿಯುವ ಕೆಲವರಿಗೂ ಹಂಚಿಕೆಯಾಗುತ್ತದೆಂದು ಅವನ ಮಾತಿನಿಂದಲೇ ತಿಳಿಯಿತು. ನಾನು ರದ್ದುಪಡಿಸಿದ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ಓದುಗರಿಗೆ ತಿಳಿದೇ ಇದೆ. ಅವುಗಳಲ್ಲಿ ಅನ್ನಪಾನಗಳನ್ನು ತಡೆಯುವುದೊಂದು, ಶಕ್ತಿಮೀರಿದ ಹೊರೆ ಹೊರಿಸುವ ಅತಿಭಾರಾರೋಪಣವೊಂದು. ನಮ್ಮೂರ ಬಸದಿಯ ಭಾನುವಾರದ ಸ್ವಾಧ್ಯಾಯದಲ್ಲಿ ಈ ಪ್ರಕರಣವನ್ನು ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಪ್ರತಿ ಸಲವೂ ಕೊಡುವ ಉದಾಹರಣೆ ಎತ್ತಿನ ಗಾಡಿಯದು. ತುಮಕೂರಿನ ಪೇಟೆಯಲ್ಲಿ ಎತ್ತಿನ ಗಾಡಿ ಕಾಣದೆ ಎಷ್ಟು ಕಾಲವಾಯಿತು! ಹೊರೆಯೆಂದರೆ ಮೂಟೆ, ಹೊರುವುದೆಂದರೆ ಬೆನ್ನು ಎಂದು ನಂಬಿಕೊಂಡಿದ್ದೆ. ನಿದ್ದೆಯನ್ನೂ ಹೊರಿಸಬಹುದು, ಅದೂ ನಮ್ಮ ವ್ರತದ ಹೆಸರಿನಲ್ಲಿ, ಎಂಬುದು ತೋಚಿರಲಿಲ್ಲ.

ಊರಿಗೆ ಮರಳಿದ ಮೇಲೆ, ಬಿ.ಕಾಂ. ಓದಿದವನ ಚಪಲದಿಂದ, ಈ ದುಡಿಮೆಗೆ ಕಟ್ಟಳೆ ಏನಿದೆಯೆಂದು ಓದಿ ನೋಡಿದೆ. ನಮ್ಮ ಹಡಗು ಅಮೆರಿಕೆಯ ರೇವಿನಿಂದ ಹೊರಟು ಅಲ್ಲಿಗೇ ಮರಳಿದರೂ ಅದರ ನೋಂದಣಿ ಬೇರೊಂದು ದೇಶದ್ದು. ಅದಕ್ಕಾಗಿಯೇ, ಅಮೆರಿಕೆಯ 1886ರ ಒಂದು ಕಾಯಿದೆಯ ಕಾರಣದಿಂದ, ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರಬೇಕಾಯಿತು. 2006ರಲ್ಲಿ ಅಂಗೀಕೃತವಾಗಿ 2013ರ ಆಗಸ್ಟಿನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಹಡಗು ನೋಂದಣಿಯಾದ ದೇಶವು ಎರಡರಲ್ಲಿ ಒಂದು ಅಳತೆಯನ್ನು ಆರಿಸಿಕೊಳ್ಳಬಹುದು: ವಾರಕ್ಕೆ ಗರಿಷ್ಠ 72 ಗಂಟೆ ಕೆಲಸ, ಇಲ್ಲವೇ ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ. ಕೇಳಲು ಎರಡನೆಯದೇ ಕರುಣೆಯದೆನಿಸುತ್ತದೆ. ವಾರದ 168 ಗಂಟೆಗಳಲ್ಲಿ 77 ಕಳೆದರೆ ಉಳಿಯುವುದು 91. ಲೆಕ್ಕ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಎಂಜಲಿನ ವಿಷಯವನ್ನೂ ಹೇಳದೆ ಬಿಡಲಾರೆ. ಬಫೆ ಶಾಲೆಯಲ್ಲಿ ತಟ್ಟೆಯ ತುಂಬ ತುಂಬಿಕೊಂಡು ಅರ್ಧ ಬಿಟ್ಟೇಳುವವರೇ ಬಹಳ. ನಮ್ಮ ಮೊಮ್ಮಗಳೂ ಅವರಲ್ಲಿ ಒಬ್ಬಳು. ಮಾರ್ಪೋಲ್ ಎಂಬ ಒಪ್ಪಂದದ ನಿಯಮದಂತೆ ಆಹಾರದ ಕಸವನ್ನು 25 ಮಿಲಿಮೀಟರಿಗಿಂತ ಸಣ್ಣದಾಗಿ ಅರೆದು, ದಡದಿಂದ ಮೂರು ನಾಟಿಕಲ್ ಮೈಲಿಗಳಾಚೆ ಕಡಲಿಗೆ ಬಿಡಬಹುದು. ಎಂಜಲಿನಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆಂದು ನಂಬುವ ನಾವು, ತಟ್ಟೆಯನ್ನು ತೊಳೆದು ಕುಡಿಯುವ ಅಜ್ಜಿಯರ ಮೊಮ್ಮಕ್ಕಳು, ಆ ಅರೆಯುವ ಯಂತ್ರಕ್ಕೆ ನಮ್ಮ ಪಾಲನ್ನೂ ಕೊಟ್ಟೆವು.

ಅಡಿಗೆಯ ಹುಡುಗನನ್ನು, ನಾವು ಎಂಟು ಗಂಟೆಗೆ ಉಂಡರೆ ನಿನಗೆ ಅನುಕೂಲವೇ ಎಂದು ಕೇಳಿದ್ದೆ. ವ್ರತಕ್ಕೂ ಭಂಗವಿಲ್ಲವೆಂಬ ಲೆಕ್ಕ ನನ್ನದು. "ಅಯ್ಯೋ, ಎಂಟು ಗಂಟೆ ಇನ್ನೂ ಕಷ್ಟ ಸಾರ್" ಎಂದುಬಿಟ್ಟನು. ಹಾಗಾದರೆ ಏನು ಮಾಡಿದರೆ ಹಗುರವಾಗುತ್ತದೆ? ಬಹಳ ಸಂಕೋಚದಿಂದ, ಎಲ್ಲರಿಗೂ ಒಂದೇ ಅಡಿಗೆಯಾದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದನು. ಆ ಸಂಜೆಯೇ ಎರಡು ಮೇಜಿನವರೂ ಕೂಡಿ ಮಾತಾಡಿದೆವು. ಉಳಿದ ದಿನಗಳಲ್ಲಿ ಸಂಜೆಗೆ ಬೇಳೆ ತರಕಾರಿ ಹಾಕಿದ ಒಂದೇ ಪಾತ್ರೆಯ ಅನ್ನ, ಬೆಳಿಗ್ಗೆ ಹಣ್ಣು ಮತ್ತು ಬಾದಾಮಿ. ಮೊಮ್ಮಗಳು ಮುಖ ಊದಿಸಿದಳು. ಗುಜರಾತಿ ಗೃಹಸ್ಥರು, ಹಣ ಕೊಟ್ಟದ್ದು ಇದಕ್ಕೇನು ಎಂದು ಗೊಣಗಿದರೂ ಅವರ ಪತ್ನಿಯ ನೋಟಕ್ಕೆ ಸುಮ್ಮನಾದರು. ಮರುದಿನ ಮಾಣಿ, ಅಡಿಗೆಯವನು ಮಧ್ಯಾಹ್ನ ಮಲಗಿದ್ದನೆಂದು ಗುಟ್ಟಿನಲ್ಲಿ ಹೇಳಿದನು.

ಆರನೆಯ ದಿನ ಬೆಳಿಗ್ಗೆ ಕಟ್ಟೆಯ ಮುಂದೆ ಮತ್ತೆ ನಿಂತೆ. ಈ ಸಲ ಮನೆಯವರೂ ಜೊತೆಗಿದ್ದರು. ಅವರಿಗೆ ಹಿಂದಿನ ರಾತ್ರಿ ಎಲ್ಲವನ್ನೂ ಹೇಳಿದ್ದೆ. ಅವರು ಬೈಯಲಿಲ್ಲ, "ನನ್ನ ಹೆಸರಿನದನ್ನೂ ತೆಗೆಸಿದಿರಾ?" ಎಂದಷ್ಟೇ ಕೇಳಿದ್ದರು. ಅದೇ ಹೆಣ್ಣುಮಗಳು ಅದೇ ನಗುಮುಖದಿಂದ 224 ಡಾಲರನ್ನು ಮತ್ತೆ ಲೆಕ್ಕಕ್ಕೆ ಸೇರಿಸಿದಳು. ಮುಂದಿನ ಸರದಿಯಲ್ಲಿ ನಿಂತವನು ತನ್ನದನ್ನು ತೆಗೆಸಲು ಬಂದಿದ್ದನು. ಅವನಿಗೆ ಏನಾದರೂ ಹೇಳೋಣವೆನಿಸಿತು, ನಾಲಗೆ ಏಳಲಿಲ್ಲ.

ತುಮಕೂರಿಗೆ ಬಂದ ಮೇಲಿನ ಒಂದು ಮಾತು ಟ್ರಸ್ಟುಗಳ ಪದಾಧಿಕಾರಿಗಳಿಗಾಗಿ. ಆ ವರ್ಷದ ದಶಲಕ್ಷಣ ಪರ್ವದಲ್ಲಿ ನಮ್ಮ ಬಸದಿಯಲ್ಲಿ ಸಾಮೂಹಿಕ ಭೋಜನ. ಸೂರ್ಯಾಸ್ತಕ್ಕೆ ಮುಂಚೆ ಕೊನೆಯ ಪಂಕ್ತಿ ಏಳಬೇಕೆಂದು ಪ್ರತಿ ವರ್ಷದಂತೆ ನಾನೇ ನಿಂತು ಅವಸರಪಡಿಸಿದೆ. ಎಲ್ಲರೂ ಹೋದ ಮೇಲೆ ಅಭ್ಯಾಸದಂತೆ ಮನೆಗೆ ಹೊರಡದೆ ಹಿತ್ತಲಿಗೆ ಹೋಗಿ ನೋಡಿದೆ. ಅಡಿಗೆಯವರು ಆರು ಜನ, ಪಾತ್ರೆ ತೊಳೆಯುವ ಹೆಂಗಸರು ನಾಲ್ವರು. ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಿದವರು ಎಂಟೂವರೆಗೆ ದೀಪದ ಬೆಳಕಿನಲ್ಲಿ ತಣ್ಣನೆಯ ಅನ್ನ ಉಣ್ಣುತ್ತಿದ್ದರು. ತೊಳೆಯುತ್ತಿದ್ದ ಹಂಡೆಗಳು ನನ್ನ ಅಂಗಡಿಯವೇ, ನಾನೇ ದಾನವಾಗಿ ಕೊಟ್ಟವು, ತಳದಲ್ಲಿ ನನ್ನ ಹೆಸರು ಕೊರೆದಿದೆ. ಅಡಿಗೆಯ ಮುಖಂಡ ನನ್ನನ್ನು ಕಂಡು ಎಂಜಲು ಕೈಯಲ್ಲೇ ಎದ್ದು ನಿಂತನು. ಕುಳಿತುಕೋ ಮಾರಾಯ, ಊಟ ಮಾಡು ಎಂದೆ.

ಮೊದಲ ಪಂಕ್ತಿಗೂ ಮೊದಲು ಅಡಿಗೆಯವರಿಗೆ ಎಲೆ ಹಾಕಬೇಕು, ಪಾತ್ರೆ ತೊಳೆಯಲು ಎರಡನೆಯ ಪಾಳಿಗೆ ಬೇರೆ ಜನ ಬೇಕು ಎಂದು ಟ್ರಸ್ಟಿನ ಸಭೆಯಲ್ಲಿ ಪ್ರಸ್ತಾಪವಿಟ್ಟೆ. ಖರ್ಚು ಹೆಚ್ಚುತ್ತದೆ, ದೇವರಿಗೆ ನೈವೇದ್ಯವಾಗದೆ ಹೇಗೆ, ಹಿಂದಿನಿಂದ ನಡೆದುಬಂದದ್ದಲ್ಲವೇ ಎಂದು ಕೆಲವು ಹಿರಿಯರು ಆಕ್ಷೇಪಿಸಿದರು. ಎಲೆ ಹಾಕುವ ಅಂಶ ಒಪ್ಪಿಗೆಯಾಯಿತು. ಎರಡನೆಯ ಪಾಳಿಯದು ಇನ್ನೂ ಆಗಿಲ್ಲ; ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದು ಏಳನೆಯ ವಿಷಯವಾಗಿದೆ.